ಎಡಕ್ಕೆ ಸ್ಟೇರಿಂಗು, ಬಲಕ್ಕೆ ವೈನಿ

ಒಲೆಯ ಮುಂದೆ ಕೂತು ಚಟ್ನಿಗೆ ಶೇಂಗಾ ಹುರಿಯುತ್ತಿದ್ದೆ. ಅಣ್ಣನ ಮಗ ಉಗಾರದ ಕಡೆಯಿಂದ ರಾಯಬಾಗದ ನಮ್ಮ ಮನೆಯವರೆಗೆ ಮೋಟಾರ್ ಸೈಕಲ್ ಹೊಡೆದುಕೊಂಡು ಬಂದವನು, ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೇ ನುಗ್ಗಿದ.

"ಅತ್ಯಾ, ನಮ್ಮ ಗಾಡಿ ಕೊಳ್ಳಾಕ ಪುಣೆದಿಂದ ಒಬ್ರು ಬಂದಾರ!"

"ಯಾವ ಗಾಡಿ? ಎತ್ತಿನ ಗಾಡಿಯೇನೋ?"

"ಅಲ್ಲ ಅತ್ಯಾ, ಅಪ್ಪನ ಕಾರು!"

ನನ್ನ ಕೈಯೊಳಗಿನ ಸೌಟು ನಿಂತೇ ಹೋಯಿತು. "ರೊಕ್ಕ ಅವರು ಕೊಡ್ತಾರೋ, ನಾವ ಕೊಟ್ಟು ಕಳಸಬೇಕೋ?"

"ಚೇಷ್ಟಿ ಬ್ಯಾಡ ಅತ್ಯಾ. ಅಪ್ಪ ಒಲ್ಲೆ ಅನ್ನಾಕತ್ತಾನ. ನಿನ್ನ ಮಾತು ಕೇಳ್ತಾನ, ನೀ ಬಂದು ಬುದ್ಧಿ ಹೇಳು. ಅದನ್ನ ಕೊಟ್ರ ನಾ ಒಂದು ಜೀಪರೇ ತರ್ತೇನಿ."

ಮಾತಿನ ಗಡಿಬಿಡಿಯಲ್ಲಿ ಶೇಂಗಾ ಒಂದು ಮಗ್ಗುಲು ಸೀದು ಹೋದವು. ಇನ್ನೊಂದು ಮಗ್ಗುಲು ಉಳಿದವು, ದೇವರ ದಯೆ. ಬುಟ್ಟಿಗೆ ಸುರಿದು, ಮೇಲೊಂದು ಅರಿವೆ ಮುಚ್ಚಿ ಹೊರಟೆ.

ನಮ್ಮಣ್ಣನನ್ನು ಊರ ಮಂದಿ ಹುಚ್ಚ ಅನ್ನುತ್ತಾರೆ. ನಾನು ಒಡಹುಟ್ಟಿದವಳು, ಹಾಗೆಲ್ಲ ಅನ್ನಲಾದೀತೆ? ಭಗವಂತ ಈ ಲೋಕವನ್ನು ಸೃಷ್ಟಿ ಮಾಡಿ ದಣಿದು, ಬಾಕಿ ಉಳಿದ ರಿಪೇರಿಯನ್ನು ನಮ್ಮಣ್ಣನಿಗೆ ಒಪ್ಪಿಸಿದ್ದಾನೆ ಎಂದಷ್ಟೇ ಅನ್ನುತ್ತೇನೆ. ಇದ್ದದ್ದು ಇದ್ದ ಹಾಗೆ ಇರುವುದನ್ನು ಅವನ ಕಣ್ಣು ಸಹಿಸುವುದಿಲ್ಲ.

ಎಂಬತ್ತರ ದಶಕದ ಆರಂಭದ ಮಾತು. ಗಡಿಯಾಚೆಯ ಯಾವುದೋ ಸಣ್ಣ ಸಂಸ್ಥಾನದ ವಾಡೆಯಲ್ಲಿ ಹಳೆಯ ಸಾಮಾನು ಮಾರುತ್ತಿದ್ದಾರೆಂದು ಸುದ್ದಿ ಬಂತು. ಅಣ್ಣ ಹೋದದ್ದು ತಾಮ್ರದ ಹಂಡೆ ತರಲು. ತಂದದ್ದು ಅಮೇರಿಕದ ಕಾರು!

"ಹಂಡೆ ಎಲ್ಲಿ?" ಎಂದು ಕೇಳಿದಳು ಅವನ ಹೆಂಡತಿ, ನಮ್ಮ ವೈನಿ.

"ಇದರ ಮೂತ್ಯಾಗ ಹಂಡೆಗಿಂತ ಹೆಚ್ಚು ನೀರು ಹಿಡೀತೈತಿ, ನೋಡು," ಎಂದ ಅಣ್ಣ.

ಅದೇನು ಸಾಧಾರಣ ಕಾರೇ? ಮೂತಿ ಇವರ ಅಂಗಳದಲ್ಲಿದ್ದರೆ ಬಾಲ ಪಕ್ಕದ ಮನೆಯ ಕಟ್ಟೆಯ ಮುಂದೆ. ಎಂಟು ಸಿಲಿಂಡರು. ಚಾಲೂ ಮಾಡಿದರೆ ಗೋಡೆಗೆ ಹಾಕಿದ ದೇವರ ಪಟಗಳೆಲ್ಲ ಓರೆಯಾಗುತ್ತಿದ್ದವು. ಆ ದೇಶದ ಹುಡುಗರು ಇಂಥವನ್ನು ಓಟದ ಪಂದ್ಯಕ್ಕೆ ಬಿಡುತ್ತಾರಂತೆ. ಮೈಕಟ್ಟು ನೋಡಿ ಊರ ಮಂದಿ ಅದಕ್ಕೆ 'ಪೈಲ್ವಾನ' ಎಂದೇ ಹೆಸರಿಟ್ಟರು. ಪೈಲ್ವಾನರು ಹಾಲು ಕುಡಿಯುತ್ತಾರೆ, ಇವನು ಪೆಟ್ರೋಲು ಕುಡಿಯುತ್ತಿದ್ದ. ಅಥಣಿಗೆ ಹೋಗಿ ಬಂದರೆ ಮನೆಯಲ್ಲಿ ಒಂದು ವಾರ ಬೇಳೆಯ ಸಾರು ತೆಳ್ಳಗಾಗುತ್ತಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಪೈಲ್ವಾನನ ಅಂಗಚ್ಛೇದನ!

ಅದಕ್ಕಿದ್ದದ್ದು ಎರಡೇ ಬಾಗಿಲು. ನಮ್ಮ ಅವ್ವ ಹಿಂದಿನ ಸೀಟಿಗೆ ಹತ್ತಲು ಹೋಗಿ ನಡುವೆ ಸಿಕ್ಕಿಕೊಂಡು, ಒಳಗೂ ಇಲ್ಲ ಹೊರಗೂ ಇಲ್ಲ ಎನ್ನುವಂತಾದಳು. ಅಣ್ಣ ಕಾರನ್ನು ನಿಪ್ಪಾಣಿಯ ಮಿಸ್ತ್ರಿಯ ಹತ್ತಿರ ಒಯ್ದ. ಮಿಸ್ತ್ರಿ ಎರಡೂ ಮಗ್ಗುಲು ಕೊರೆದು, ಮುರುಕು ಟ್ಯಾಕ್ಸಿಯೊಂದರ ಬಾಗಿಲು ಕೂರಿಸಿದ. ಬಾಗಿಲಿನ ಮೇಲಿನ ಹಳದಿ ಬಣ್ಣ ಅಳಿಸುವುದು ಇಬ್ಬರಿಗೂ ನೆನಪಾಗಲಿಲ್ಲ. ಅಂದಿನಿಂದ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಮುಂದೆ ಹಾದರೆ ಸಾಕು, ಮಂದಿ ಕೈ ಮಾಡಿ ನಿಲ್ಲಿಸಿ "ಸಂಕೇಶ್ವರಕ್ಕ ಏನು ತೊಗೋತಿ?" ಎಂದು ಕೇಳುತ್ತಿದ್ದರು. ಅಣ್ಣ ಒಮ್ಮೆ ಹತ್ತಿಸಿಕೊಂಡೂ ಹೋದ!

ಆಮೇಲೆ ಎಂಜಿನ್ನು. ಪೆಟ್ರೋಲಿನ ಕಾಟಕ್ಕೆ ಬೇಸತ್ತು ಎಂಟು ಸಿಲಿಂಡರಿನ ಎಂಜಿನ್ನನ್ನು ಕಿತ್ತು ಹಾಕಿಸಿ, ಅದರ ಜಾಗಕ್ಕೆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನು ಜೋಡಿಸಿದರು. ಹುಲಿಯಂತೆ ಗುಡುಗುತ್ತಿದ್ದದ್ದು ಈಗ ಟುಕು ಟುಕು ಎನ್ನತೊಡಗಿತು. ಕಿತ್ತ ಎಂಜಿನ್ನನ್ನು ಬಿಡುವುದುಂಟೆ? ಬಾವಿಯ ಪಂಪಿಗೆ ಕಟ್ಟಿದ. ಒಂದೇ ಮುಂಜಾನೆಯಲ್ಲಿ ಬಾವಿಯೂ ಬರಿದಾಯಿತು, ಪೆಟ್ರೋಲ್ ಡಬ್ಬಿಯೂ ಬರಿದಾಯಿತು. ಯಾವುದು ಮೊದಲು ಬರಿದಾಯಿತೆಂದು ಗಂಡ ಹೆಂಡತಿಗೆ ಇನ್ನೂ ವಾದವಿದೆ.

ಮೂರನೆಯದು ಛಾವಣಿ. ಮದುವಣಿಗರ ಮೆರವಣಿಗೆಗೆ ಬಾಡಿಗೆ ಬರಲಿ ಎಂದು ತಲೆಯ ಮೇಲಿನ ತಗಡು ಕೊಯ್ಯಿಸಿದ. ಮಳೆ ಬಂದಾಗ ಬುದ್ಧಿ ಬಂತು. ಕೊಯ್ದ ತಗಡನ್ನೇ ಬಿಜಾಗರಿ ಹಾಕಿಸಿ, ಟ್ರಂಕಿನ ಮುಚ್ಚಳದಂತೆ ತೆಗೆದು ಮುಚ್ಚುವ ಹಾಗೆ ಮಾಡಿಸಿದ. ಹಾರೂಗೇರಿಯ ಮದುವೆಯೊಂದರಲ್ಲಿ ಬ್ಯಾಂಡಿನ ಗದ್ದಲಕ್ಕೆ ಬೆದರಿ ಮುಚ್ಚಳ ತಾನಾಗಿ ಬಿತ್ತು. ಮದುವಣಿಗನ ಬಾಸಿಂಗ ಹೊರಗೆ, ಮದುವಣಿಗ ಒಳಗೆ! ತಲೆ ಉಳಿಯಿತಲ್ಲ, ಅಷ್ಟೇ ಪುಣ್ಯ.

ಹೀಗೆ ಕಾರಿನ ಬಾಗಿಲು, ಎಂಜಿನ್ನು, ಛಾವಣಿ, ಸೀಟು ಎಲ್ಲ ಬದಲಾದವು. ಬದಲಾಗದೆ ಉಳಿದದ್ದು ಒಂದೇ. ಅಮೇರಿಕದ ಕಾರಲ್ಲವೇ, ಸ್ಟೇರಿಂಗು ಎಡಕ್ಕಿತ್ತು.

ಯಾವುದನ್ನು ಮೊದಲು ಬದಲಿಸಬೇಕಾಗಿತ್ತೋ ಅದನ್ನೇ ಬಿಟ್ಟಿದ್ದ! ನಮ್ಮ ರಸ್ತೆಗಳಲ್ಲಿ ಕಬ್ಬಿನ ಹಂಗಾಮಿನಲ್ಲಿ ಗಾಡಿಗಳ ಸಾಲು ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ. ಎಡಗಡೆ ಕೂತವನಿಗೆ ಮುಂದಿನ ಕಬ್ಬಿನ ಹೊರೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಎದುರಿಗೆ ಬಸ್ಸು ಬರುತ್ತಿದೆಯೋ ಯಮನ ಕೋಣ ಬರುತ್ತಿದೆಯೋ, ಬಲಗಡೆ ಕೂತವರೇ ನೋಡಿ ಹೇಳಬೇಕು. ಆ ಕೆಲಸ ವೈನಿಯದು.

"ಹೋಗ್ಲೇನು?"

"ತಡೀರಿ, ಲಾರಿ ಬಂತು."

"ಈಗ?"

"ಹೋಗ್ರಿ, ಹೋಗ್ರಿ! ಅಯ್ಯ, ಹೋಗ್ರಿ ಅಂದೆ, ಹಾರ್ರಿ ಅನ್ಲಿಲ್ಲ!"

ತಲೆತುಂಬ ಸೆರಗು ಹೊದ್ದು, ಬಲಗಡೆಯ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಹತ್ತಿ ಇಟ್ಟುಕೊಂಡು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಹೋಗುತ್ತಿದ್ದಳು. ಎದುರಿನಿಂದ ಬರುವವರ ಕಣ್ಣಿಗೆ ಹೇಗೆ ಕಂಡೀತು, ಹೇಳಿ? ಒಬ್ಬ ಹೆಂಗಸು ಸ್ಟೇರಿಂಗು ಮುಟ್ಟದೆ, ಬತ್ತಿ ಹೊಸೆಯುತ್ತ ಕಾರು ಓಡಿಸುತ್ತಿದ್ದಾಳೆ! ಸೈಕಲ್ಲಿನವರು ತಾವಾಗಿಯೇ ಗಟಾರಕ್ಕೆ ಇಳಿಯುತ್ತಿದ್ದರು. ನಿಪ್ಪಾಣಿಯಲ್ಲೊಮ್ಮೆ ಪೊಲೀಸರು ನಿಲ್ಲಿಸಿ ವೈನಿಯನ್ನೇ ಲೈಸನ್ಸು ಕೇಳಿದರು. "ಹಿಡಿಯಾವ್ರು ಅವರ್ರೀ. ನಾ ಬರೇ ನೋಡಾಕಿ," ಎಂದಳು.

ಇನ್ನೊಂದು ಮಾತು ಹೇಳಬೇಕು. ಇಬ್ಬರಿಗೂ ಜಗಳ ಬಂದರೆ ದಿನಗಟ್ಟಲೆ ಮಾತು ಬಂದ್. ಊಟಕ್ಕೆ ಕರೆಯುವುದಕ್ಕೂ ಗೋಡೆಯ ಕಡೆ ಮುಖ ಮಾಡಿ "ತಾಟು ಬಡಿಸೈತಿ" ಎನ್ನುವಳು. ಆದರೆ ಕಾರು ಹತ್ತಿದರೆ ಮಾತಾಡದೆ ವಿಧಿಯಿದೆಯೆ? "ಹೋಗ್ಲೇನು?" "ಹೋಗ್ರಿ." ಇಳಿದ ಮೇಲೆ ಮತ್ತೆ ಮೌನ. ಹೀಗೆ ಉಗಾರಕ್ಕೆ ಹೋಗಿ ಬರುವಷ್ಟರಲ್ಲಿ ಎಷ್ಟೋ ಜಗಳ ಮುಗಿದಿವೆ.

"ಸ್ಟೇರಿಂಗು ಬಲಕ್ಕ ಹಾಕ್ಸೋ ಮಾರಾಯಾ, ಮಿಸ್ತ್ರಿಗೆ ಅದೇನು ದೊಡ್ಡ ಕೆಲಸ?" ಎಂದು ನಾನೇ ಎಷ್ಟು ಸಲ ಹೇಳಿದ್ದೇನೆ!

ಬಾಗಿಲು ಕೊರೆಸಿದ, ಎಂಜಿನ್ನು ಕೀಳಿಸಿದ, ತಲೆಯನ್ನೇ ಕೊಯ್ಯಿಸಿದ ಆ ಮಹಾನುಭಾವ ಎದೆ ಉಬ್ಬಿಸಿ ಅನ್ನುತ್ತಿದ್ದ: "ಒರಿಜಿನಲ್ ಕೆಡಸಬಾರದು ತಂಗೀ!"

ಇರಲಿ. ನಾನು ಹೋಗುವಷ್ಟರಲ್ಲಿ ಪುಣೆಯ ಸಾಹೇಬರು ಅಂಗಳದಲ್ಲಿದ್ದರು. ಮಿರಜದಲ್ಲಿ ಹುಟ್ಟಿದವರಂತೆ, ಕನ್ನಡವನ್ನು ಮರಾಠಿಯಲ್ಲಿ ಅದ್ದಿ ಮಾತಾಡುತ್ತಿದ್ದರು. ಹಳೆಯ ಕಾರುಗಳನ್ನು ಹುಡುಕಿ ತಂದು, ಮೊದಲಿನಂತೆ ಮಾಡಿ ಇಟ್ಟುಕೊಳ್ಳುವುದು ಅವರ ಶೋಕಿ. ಬಾನೆಟ್ಟು ಎತ್ತಿ ಟ್ರ್ಯಾಕ್ಟರಿನ ಎಂಜಿನ್ನು ನೋಡಿದವರೇ ತಲೆಯ ಟೊಪ್ಪಿಗೆ ತೆಗೆದರು, ಹೆಣದ ಮುಂದೆ ತೆಗೆದ ಹಾಗೆ.

"ಅರೆ ದೇವಾ! ಇದಕ್ಕ ಏನ್ ಮಾಡೀರಿ ಇದು?"

ಅಣ್ಣ ಅದನ್ನು ಹೊಗಳಿಕೆ ಎಂದು ತಿಳಿದ. "ಎಲ್ಲಾ ನಮ್ಮ ಮಿಸ್ತ್ರಿ ಕೈಕೆಲಸ್ರೀ!"

"ಹಳೇ ಎಂಜಿನ್ನು?"

"ಬಾವಿ ದಂಡ್ಯಾಗ ಐತ್ರಿ. ಈಗ ಮುಟ್ಟಬ್ಯಾಡ್ರಿ, ಅದರ ಮ್ಯಾಲೆ ಕೋಳಿ ಕಾವಿಗೆ ಕುಂತೈತಿ."

ಸಾಹೇಬರ ಕಣ್ಣಲ್ಲಿ ನೀರೇ ಬಂತು. "ಇಡೀ ದೇಶದಾಗ ಇಂಥಾ ಗಾಡಿ ಎರಡೋ ಮೂರೋ ಅದಾವ, ಪಾಟೀಲರಽ!"

"ಇದ್ದಾವ್ರೀ ಸಾಹೇಬರ. ಆದ್ರ ಇಂಥಾದ್ದು ಇದೊಂದ!"

ಅದನ್ನು ಮಾತ್ರ ಸಾಹೇಬರು ಅಲ್ಲಗಳೆಯಲಿಲ್ಲ. ಕೊನೆಗೆ, ಸ್ಟೇರಿಂಗಾದರೂ ಮೂಲದ ಜಾಗದಲ್ಲಿದೆ, ಎಂಜಿನ್ನಿನಲ್ಲಿ ಕಸುವಿದ್ದರೆ ಪುಣೆಯವರೆಗೆ ಓಡಿಸಿಕೊಂಡೇ ಹೋಗುತ್ತೇನೆ, ಒಮ್ಮೆ ಓಡಿಸಿ ತೋರಿಸಿ ಎಂದರು. ಅಣ್ಣನ ಮಗ ನನಗೆ ಕಣ್ಣು ಮಿಟುಕಿಸಿದ: ಇದೇ ಹೊತ್ತು, ಬುದ್ಧಿ ಹೇಳು.

ಮೊದಲು ವೈನಿಯ ಕಿವಿಗೆ ಹಾಕೋಣವೆಂದು ಅಡುಗೆಮನೆಗೆ ಹೋದೆ. ಬಾಗಿಲಲ್ಲಿ ನಿಂತವಳನ್ನು ನೋಡಿ ಅವಳು "ಯಾರ ಅವ್ರು?" ಎಂದಳು.

"ನಾದಿನಿ ಗುರುತು ಸಿಗಲಾರದಷ್ಟು ದೊಡ್ಡಾಕಿ ಆದಿ ಏನು ವೈನಿ?"

ದನಿ ಕೇಳಿ ನಕ್ಕಳು. ನಗುತ್ತ ನಗುತ್ತಲೇ ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು. "ಯಾರ ಮುಂದೂ ಅನಬ್ಯಾಡ. ಸಕ್ರಿ ಬ್ಯಾನಿ ಕಣ್ಣಿಗೆ ಬಂದೈತಿ. ಹತ್ರ ಇದ್ದದ್ದು ನೆಳ್ಳು ನೆಳ್ಳು ಕಾಣತೈತಿ. ದೂರದ್ದು ಏನೂ ಇಲ್ಲ."

"ಅಯ್ಯ ಶಿವನ! ಮತ್ತ ಗಾಡ್ಯಾಗ? ದಾರಿ ನೋಡಾಕಿ ನೀನ ಅಲ್ಲಾ?"

"ಕಿವಿಲೆ ನೋಡ್ತೇನಿ. ಸಪ್ಪಳ ಇಲ್ಲಂದ್ರ ಹೋಗ್ರಿ ಅಂತೇನಿ."

"ಅಣ್ಣಗ ಹೇಳೀ ಏನು?"

"ಹೇಳಿದ್ರ ಸ್ಟೇರಿಂಗು ಬಲಕ್ಕ ಹಾಕ್ಸ್ತಾರ, ಇಲ್ಲಾ ಗಾಡಿ ಮಾರ್ತಾರ. ಆಮ್ಯಾಲೆ ನಾ ಯಾಕ ಬೇಕು ಹೇಳು? ಹಗಲೆಲ್ಲಾ ಹೊಲ, ಫ್ಯಾಕ್ಟರಿ, ಪ್ಯಾಟಿ ಅಂತ ತಿರಗಾವ್ರು. ನನ್ನ ಜೋಡಿ ಅವರು ಕೂಡೂದು ಅದರಾಗ ಅಷ್ಟ."

ಬುದ್ಧಿ ಹೇಳಲು ಹೋದವಳ ಬಾಯಿಗೆ ಬೀಗ ಬಿತ್ತು. ಅಷ್ಟರಲ್ಲಿ ಹೊರಗಿನಿಂದ ಕೂಗು: "ಬಾರೇ, ಸಾಹೇಬ್ರಿಗೆ ಗಾಡಿ ತೋರಸೂಣು!"

ಸಾಹೇಬರು ಬಲಗಡೆಯ ಸೀಟಿಗೆ ಹತ್ತಲು ಹೋದರು. "ಅದು ಆಕಿ ಜಾಗಾ. ಹಿಂದ ಕೂಡ್ರಿ," ಎಂದ ಅಣ್ಣ. ನಾನು ಅವರ ಪಕ್ಕದಲ್ಲಿ, ಟ್ಯಾಕ್ಸಿಯ ಬಾಗಿಲಿಗೆ ಒರಗಿ ಕೂತೆ. ಕೊಕಟನೂರ ಎಲ್ಲವ್ವಗೆ ಒಂದು ಕಾಯಿ ಬೇಡಿಕೊಂಡೆ. ಉಗಾರದ ರಸ್ತೆಗೆ ಬಂದು, ಕಬ್ಬಿನ ಗಾಡಿಯ ಹಿಂದೆ ಸಿಕ್ಕಿಕೊಂಡ ಕೂಡಲೇ ಅದನ್ನು ಐದು ಕಾಯಿ ಮಾಡಿದೆ.

"ಹೋಗ್ಲೇನು?" ಅಣ್ಣ ಕೇಳಿದ.

ವೈನಿ ಕಿಟಕಿಯ ಹೊರಗೆ ಮುಖ ಹಾಕಿ, ಕಣ್ಣು ಕಿರಿದು ಮಾಡಿ ನೋಡುವ ಹಾಗೆ ಮಾಡಿದಳು. ನಮ್ಮ ಟ್ರ್ಯಾಕ್ಟರ್ ಎಂಜಿನ್ನಿನ ಸಪ್ಪಳದಲ್ಲಿ ಅವಳಿಗೆ ಬೇರೇನು ಕೇಳಿಸೀತು?

"ಸಾಫ್ ಐತಿ, ಹೋಗ್ರಿ!"

ನಾನು ಹಿಂದಿನಿಂದ ಬಾಗಿ ನೋಡಿದೆ. ಎದುರಿಗೆ ಕೆಂಪು ಬಸ್ಸು ನುಗ್ಗಿ ಬರುತ್ತಿತ್ತು! ಕಣ್ಣು ಮುಚ್ಚಿದೆ.

"ಹೂಂ, ಹೊಂಟೆ," ಎಂದ ಅಣ್ಣ.

ಕಣ್ಣು ತೆರೆದರೆ ಕಾರು ಅದೇ ಕಬ್ಬಿನ ಗಾಡಿಯ ಹಿಂದೆಯೇ ಇತ್ತು. ಬಸ್ಸು ಹಾರ್ನು ಒದರುತ್ತ ಪಕ್ಕದಲ್ಲೇ ಹಾದು ಹೋಯಿತು. ಆ ಗಾಳಿಗೆ ವೈನಿಯ ಸೆರಗು ಜಾರಿತು. ಅವಳ ಮುಖ ಬೆಳ್ಳಗಾಯಿತು. ಬತ್ತಿಯ ಹತ್ತಿ ಕೈಯಲ್ಲೇ ಮುದ್ದೆಯಾಯಿತು.

ಅಣ್ಣ ತಡಮಾಡಲಿಲ್ಲ. ಸ್ಟೇರಿಂಗನ್ನು ಅಂಗೈಯಿಂದ ಗುದ್ದಿ ಬೈದ: "ಥೂ ಇದರ! ನೀ ಹೇಳಿದಾಗ ಹೋಗಿದ್ರ ಆರಾಮ ದಾಟತಿದ್ವಿ. ಈ ಹಾಳ ಎಂಜಿನ್ನು ಎಳೀಲಿಲ್ಲ ನೋಡು. ಕಸುವ ಇಲ್ಲ ಇದಕ್ಕ!"

ಸಾಹೇಬರು ಮುಂದಕ್ಕೆ ಬಾಗಿದರು. "ಕಸುವು ಇಲ್ಲ?"

"ಇಲ್ರೀ ಸಾಹೇಬರ. ಕಬ್ಬಿನ ಗಾಡಿ ಸೈತ ದಾಟೂದಿಲ್ಲ. ಎತ್ತಽ ಬೇಸಿ ಇದಕ್ಕಿಂತ."

ಇಷ್ಟು ವರ್ಷ ಆ ಕಾರಿಗೆ ಯಾರಾದರೂ ಅರ್ಧ ಮಾತು ಅಂದರೆ ತೋಳೇರಿಸಿ ನಿಲ್ಲುತ್ತಿದ್ದ ನಮ್ಮಣ್ಣ! ಕೊಳ್ಳಲು ಬಂದವರ ಮುಂದೆ, ತನ್ನ ಪೈಲ್ವಾನನ ಬೆನ್ನನ್ನು ತಾನೇ ಮಣ್ಣಿಗೆ ಹಚ್ಚಿಬಿಟ್ಟ. ಮುಂದಿನ ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ತುಸುವೇ ತಲೆಯಾಡಿಸಿದ: ಅನಬ್ಯಾಡ.

ಮುಂದೆ ಉಗಾರದವರೆಗೂ ಅವನು ಕೇಳುತ್ತ ಹೋದ, "ಹೋಗ್ಲೇನು?" ಅವಳು ಹೇಳುತ್ತ ಹೋದಳು, ಮೊದಲು ಸಣ್ಣ ದನಿಯಲ್ಲಿ, ಆಮೇಲೆ ತುಸು ಗಟ್ಟಿಯಾಗಿ. ಕಾರು ಕಬ್ಬಿನ ಗಾಡಿಯ ಹಿಂದೆ ಹೆಜ್ಜೆ ಹೆಜ್ಜೆಯಾಗಿ ನಡೆಯಿತು.

ಸಾಹೇಬರು ಚಹಾ ಸಹ ಕುಡಿಯದೆ ಹೋದರು. ಅಣ್ಣನ ಮಗ ಹರಿಹಾಯ್ದ: "ಅಪ್ಪಾ, ಇದ ಎಂಜಿನ್ನು ನಿನ್ನೆ ಕೆಸರ ಹುದುಲಾಗ ಸಿಕ್ಕ ಟ್ರ್ಯಾಲಿ ಎಳದು ತಗದೈತಿ!"

"ಅದಕ್ಕ ಇವತ್ತ ಮೈ ಕೈ ನೋವ ಅದಾವ, ಪಾಪ," ಎಂದ ಅಣ್ಣ.

ಹೊರಡುವಾಗ ವೈನಿ ನನಗೆ ಕುಂಕುಮ ಹಚ್ಚಿದಳು. ಹಣೆ ತಪ್ಪಿ ಹುಬ್ಬಿಗೆ ಹತ್ತಿತು. ಒರೆಸಿಕೊಳ್ಳಲಿಲ್ಲ. ಕಿವಿಯಲ್ಲಿ ಪಿಸುಗುಟ್ಟಿದಳು: "ಗಾಡಿ ಮುದುಕ ಆಗೈತಿ, ಛಲೋನಽ ಆತು. ನಿಮ್ಮಣ್ಣಗ ನನ್ನ ಕಣ್ಣಿಂದು ಗೊತ್ತಾಗಲಿಲ್ಲ, ಹೌದಿಲ್ಲೋ?"

"ಇಲ್ಲ ವೈನಿ," ಎಂದೆ. "ಅಂವಗ ಏನು ಗೊತ್ತಾಗತೈತಿ?"

ದಿನ ಮುಳುಗುವ ಮೊದಲೇ ಮನೆ ಮುಟ್ಟಿದೆ. ದೇವರಿಗೆ ದೀಪ ಹಚ್ಚಿ, ಬುಟ್ಟಿಯ ಮೇಲಿನ ಅರಿವೆ ತೆಗೆದೆ. ಶೇಂಗಾ ಆರಿದ್ದವು. ಮೊರಕ್ಕೆ ಸುರಿದುಕೊಂಡು, ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಊದುತ್ತ, ಸೀದವನ್ನು ಒಂದೊಂದಾಗಿ ಆರಿಸಿ ತೆಗೆಯತೊಡಗಿದೆ.