ಚುಕ್ಕೆಯಿಲ್ಲದ ಸೇವಾ ಪುಸ್ತಕ

ಬೆಳಿಗ್ಗೆ ಹತ್ತೂಕಾಲಿಗೆ ಕುಲಪತಿಗಳ ಕಚೇರಿಯ ಜವಾನ ಪರೀಕ್ಷಾ ವಿಭಾಗಕ್ಕೆ ಬಂದು ಒಂದು ಚೀಟಿ ಕೊಟ್ಟು ಹೋದ. ದಾಖಲೆ ಕೊಠಡಿಯ ಗುಮಾಸ್ತರ ಸೇವಾ ಪುಸ್ತಕವನ್ನು ಕೂಡಲೇ ಕಳಿಸುವುದು, ಗುಮಾಸ್ತರು ಸಂಜೆ ನಾಲ್ಕಕ್ಕೆ ಖುದ್ದು ಹಾಜರಾಗುವುದು. ಅಷ್ಟೇ. ಗುಮಾಸ್ತ ಹೆದರಿ ಅದನ್ನು ಮತ್ತೆ ಮತ್ತೆ ಓದಿದ.

ಹೆದರದೆ ಇನ್ನೇನು? ಕುಲಪತಿಗಳು ಅಂತಿಂಥವರಲ್ಲ, ನಿವೃತ್ತ ಜನರಲ್. ಮೂವತ್ತೈದು ವರ್ಷ ಸೈನ್ಯದಲ್ಲಿದ್ದು, ಮೂರು ವರ್ಷದಿಂದ ಈ ವಿಶ್ವವಿದ್ಯಾಲಯವನ್ನು ಆಳುತ್ತಿದ್ದರು. ಬಂದ ವಾರವೇ ದಾರಿಬದಿಯ ಕಲ್ಲುಗಳಿಗೆಲ್ಲ ಸುಣ್ಣ ಬಳಿಸಿದರು. ಗೋಡೆಗೆ ದೊಡ್ಡ ನಕ್ಷೆ ಹಾಕಿಸಿ, ವಿಭಾಗಕ್ಕೊಂದು ಬಣ್ಣದಂತೆ ನೌಕರನಿಗೊಂದು ಗುಂಡುಸೂಜಿ ಚುಚ್ಚಿದರು. ದಿನಾ ಒಂಬತ್ತೂವರೆಗೆ ಎಲ್ಲ ವಿಭಾಗಗಳಿಂದ ಪರಿಸ್ಥಿತಿಯ ವರದಿ ಹೋಗಬೇಕು. ತತ್ತ್ವಶಾಸ್ತ್ರದ ಮುಖ್ಯಸ್ಥರು ಮೊದಲ ದಿನ ಎಂಟು ಪುಟ ಬರೆದು ಕಳಿಸಿದ್ದರಂತೆ. "ಶತ್ರು ಎಲ್ಲಿದ್ದಾನೆ ಅನ್ನೋದನ್ನ ಒಂದೇ ಸಾಲಲ್ಲಿ ಬರೀರಿ" ಎಂಬ ಷರಾದೊಂದಿಗೆ ಅದು ವಾಪಸ್ ಬಂತು. ಆದರೂ ಸುಳ್ಳು ಹೇಳಬಾರದು, ಫಲಿತಾಂಶಗಳು ಹೇಳಿದ ದಿನಕ್ಕೆ ಹೊರಬೀಳತೊಡಗಿದ್ದು ಇವರ ಕಾಲದಲ್ಲೇ.

ಅಂದು ಐದು ಗಂಟೆಗೆ ವರ್ಗಾವಣೆಯ ಪಟ್ಟಿ ಹೊರಬೀಳುವುದಿತ್ತು. ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಒಂಬತ್ತು ಗಂಟೆ ದೂರದಲ್ಲಿ ಒಂದು ಶಾಖೆಯಿತ್ತು. ಅಲ್ಲಿಗೆ ಹೋದವರು ಮರಳಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಗುಮಾಸ್ತನ ಹೆದರಿಕೆಯೆಲ್ಲ ಅದರದ್ದೇ. ಅವನ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾದಂದಿನಿಂದ ಅವಳೊಂದು ಊರು, ಇವನೊಂದು ಊರು. ಅರ್ಜಿ ಹಾಕಿ ಹಾಕಿ, ಕಂಡವರ ಕಾಲು ಹಿಡಿದು, ಹನ್ನೊಂದು ವರ್ಷದ ಮೇಲೆ ಅವಳಿಗೆ ಈ ಊರಿಗೆ ವರ್ಗವಾಗಿ ಇನ್ನೂ ನಾಲ್ಕು ತಿಂಗಳು. ಯಾರ ಟವೆಲ್ಲು ಯಾವ ಮೊಳೆಗೆ ಎಂಬ ಜಗಳವೂ ಅವನಿಗೆ ಈಗ ಸಿಹಿಯಾಗಿಯೇ ಇತ್ತು. ಮತ್ತೆ ಬೇರೆಯಾಗುವುದೆಂದರೆ ಅವನ ಕೈಲಾಗದ ಮಾತು.

"ಯಾರೋ ಚಾಡಿ ಹೇಳಿದಾರೆ ಕಣಪ್ಪಾ" ಎಂದಳು ಟೈಪಿಸ್ಟ್ ಅಕ್ಕ, ವಿಭಾಗದ ಸೂಪರಿಂಟೆಂಡೆಂಟರ ಕಡೆ ವಾರೆಗಣ್ಣಲ್ಲಿ ನೋಡುತ್ತ.

"ನನ್ನನ್ಯಾಕಮ್ಮಾ ನೋಡ್ತೀರಿ?" ಎಂದು ರೇಗಿದ ಸೂಪರಿಂಟೆಂಡೆಂಟರು ಸೇವಾ ಪುಸ್ತಕ ತೆಗೆದು ಹಾಳೆ ಮಗುಚಿದರು. ಹದಿನಾರು ವರ್ಷ. ಒಂದು ಮೆಮೊ ಇಲ್ಲ, ಒಂದು ತಡ ಹಾಜರಿ ಇಲ್ಲ. "ಒಂದು ಕಪ್ಪು ಚುಕ್ಕೆ ಇಲ್ವಲ್ರೀ! ನಿಮ್ಮಂಥ ಸಾಧುಪ್ರಾಣಿಗೆ ಭಯ ಯಾಕೆ?"

"ಅದೇ ಸಾರ್ ತಾಪತ್ರಯ" ಎಂಬ ದನಿ ಬಾಗಿಲಿನಿಂದ ಬಂತು. ಜನರಲ್ ಸಾಹೇಬರ ಡ್ರೈವರ್. ಕಾರಿನಲ್ಲಿ ಸಾಹೇಬರು ಫೋನಿನಲ್ಲಿ ಆಡುವ ಮಾತೆಲ್ಲ ಮೊದಲು ಬೀಳುತ್ತಿದ್ದುದು ಅವನ ಕಿವಿಗೆ. "ನಿನ್ನೆ ಸಾಹೇಬ್ರು ಇವರ ವಿಷಯಾನೇ ಮಾತಾಡ್ತಿದ್ರು. 'ಗುಂಡಿನ ಸದ್ದು ಕೇಳದೇ ಇರೋ ಕಡೆಯಿಂದ್ಲೇ ದಾಳಿ ಆಗೋದು. ಹದಿನಾರು ವರ್ಷ ಒಂದು ತಪ್ಪೂ ಮಾಡ್ದೆ ಇರೋ ಗುಮಾಸ್ತ ಭೂಮಿ ಮೇಲೆ ಉಂಟಾ? ಯಾರೋ ಬೇಕಂತ್ಲೇ ತಂದು ಕೂರಿಸಿದಾರೆ, ಇವನು ಗೂಢಚಾರ' ಅಂದ್ರು."

"ಗೂಢಚಾರಾನಾ? ನಾನಾ?" ಗುಮಾಸ್ತ ಕುರ್ಚಿಯಿಂದ ಎದ್ದೇಬಿಟ್ಟ.

"ತಪ್ಪು ಮಾಡಿದೋರನ್ನ ಸಾಹೇಬ್ರು ಬೈದು ಬಿಟ್ಬಿಡ್ತಾರೆ ಅಣ್ಣಾ. ಮಾಡದೇ ಇರೋರ ಮೇಲೇನೇ ಅವರಿಗೆ ಕಣ್ಣು. ನಾಲ್ಕು ಗಂಟೆಯೊಳಗೆ ಏನಾದ್ರೂ ಒಂದು ತಪ್ಪು ಮಾಡಿ ದಾಖಲೆ ಮಾಡಿಸ್ಕೊಳ್ಳಿ."

ಮುಳುಗುವವನಿಗೆ ಸಿಕ್ಕಿದ್ದೇ ಆಸರೆ. ಗುಮಾಸ್ತ ಸೂಪರಿಂಟೆಂಡೆಂಟರ ಮೇಜಿಗೆ ಹೋಗಿ, "ಸಾರ್, ನನಗೊಂದು ಮೆಮೊ ಕೊಡಿ" ಎಂದು ಕೈಮುಗಿದ.

ಸೂಪರಿಂಟೆಂಡೆಂಟರು ಕನ್ನಡಕ ಇಳಿಸಿ ಅವನನ್ನು ಅಳೆದರು. ತಾನಾಗಿ ಮೆಮೊ ಕೇಳಿದ ಗುಮಾಸ್ತನನ್ನು ಅವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಇವನು ನಿಜವಾಗಿ ಗೂಢಚಾರನೇ ಇರಬಹುದು, ಆದರೆ ಜನರಲ್‌ರ ಕಡೆಯವನು! ತಪ್ಪಿಲ್ಲದವನಿಗೆ ಮೆಮೊ ಕೊಡುತ್ತೇನೋ ಇಲ್ಲವೋ ಎಂದು ನನ್ನನ್ನು ಪರೀಕ್ಷಿಸಲು ಬಂದಿದ್ದಾನೆ!

"ನಾನು ಅಂಥವನಲ್ಲಪ್ಪಾ. ಸಾಹೇಬ್ರಿಗೆ ಹಾಗಂತಾನೇ ಹೇಳಿಬಿಡು" ಎಂದು ಅವರು ಎದ್ದೇ ಹೋದರು.

ಸರಿ, ತಪ್ಪನ್ನೇ ಮಾಡೋಣವೆಂದು ಗುಮಾಸ್ತ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆದ. ಅರ್ಧ ಗಂಟೆಯಾದ ಮೇಲೆ ಕಣ್ಣು ಬಿಟ್ಟರೆ, ಟೈಪಿಸ್ಟ್ ಅಕ್ಕ ಫ್ಯಾನನ್ನು ಇವನ ಕಡೆ ತಿರುಗಿಸಿ, ಬೆನ್ನಿಗೆ ತನ್ನ ಶಾಲು ಹೊದಿಸಿದ್ದಳು. "ಪಾಪ, ಮಲ್ಕೊಳ್ಳಪ್ಪಾ. ಇಷ್ಟು ವರ್ಷದ ನಿದ್ದೆ ಬಾಕಿ ಇದೆ ನಿಂದು" ಎಂದಳು.

ಕಚೇರಿ ವೇಳೆಯಲ್ಲಿ ಕ್ಯಾಂಟೀನಿಗೆ ಹೋಗಿ ಕೂತ. ಹೋದರೆ ಅರ್ಧ ಆಡಳಿತ ಕಚೇರಿ ಅಲ್ಲೇ ಇತ್ತು. ಇವನನ್ನು ಕಂಡದ್ದೇ ಗಲಗಲ ಎನ್ನುತ್ತಿದ್ದ ಕ್ಯಾಂಟೀನು ಗಪ್‌ಚಿಪ್ಪಾಯಿತು. ಹದಿನಾರು ವರ್ಷ ಈ ವೇಳೆಯಲ್ಲಿ ಇತ್ತ ತಲೆ ಹಾಕದವನು ಇವತ್ತು ಯಾಕೆ ಬಂದ? ಹೆಸರು ಬರೆದುಕೊಂಡು ಜನರಲ್ ಸಾಹೇಬರಿಗೆ ಕೊಡೋಕೆ! ಒಬ್ಬೊಬ್ಬರಾಗಿ ಲೋಟ ಕೆಳಗಿಟ್ಟು ಜಾಗ ಖಾಲಿ ಮಾಡಿದರು. ಎರಡೇ ನಿಮಿಷದಲ್ಲಿ ಇಡೀ ಆಡಳಿತ ಕಚೇರಿ ಕುರ್ಚಿಗೆ ಅಂಟಿಕೊಂಡು ಕೆಲಸ ಮಾಡತೊಡಗಿತು. ಪಾಪ, ತಪ್ಪು ಮಾಡಲು ಹೋದವನಿಂದ ಶಿಸ್ತು ಬಂತು.

ಕಡೆಯ ಉಪಾಯವೆಂದು ಕುಲಸಚಿವರ ಕೋಣೆಗೆ ನುಗ್ಗಿ, ನಮಸ್ಕಾರವಿಲ್ಲ ಏನಿಲ್ಲ, "ಏನ್ರೀ, ಏನ್ ಕೆಲಸ ಮಾಡ್ತಿದೀರಿ ಇಲ್ಲಿ?" ಎಂದುಬಿಟ್ಟ. ಕುಲಸಚಿವರು ಘಾಟಿ ಮನುಷ್ಯ. ಗುಮಾಸ್ತ ಇಷ್ಟು ಧೈರ್ಯದಿಂದ ಮಾತಾಡಬೇಕಾದರೆ ಹಿಂದೆ ದೊಡ್ಡ ಕೈಯೇ ಇರಬೇಕೆಂದು ಲೆಕ್ಕ ಹಾಕಿದರು. ತಟ್ಟನೆ ಎದ್ದು ನಿಂತು, "ಬನ್ನಿ ಬನ್ನಿ, ಕೂತ್ಕೊಳ್ಳಿ. ಟೀ ತರಿಸ್ಲಾ?" ಎಂದರು.

ಮೂರು ಗಂಟೆಗೆ ಗುಮಾಸ್ತ ಅಳುಮೋರೆ ಹೊತ್ತು ಟೈಪಿಸ್ಟ್ ಅಕ್ಕನ ಮುಂದೆ ಬಂದು ಕೂತ. "ಅಕ್ಕಾ, ಯಾರೂ ನನ್ನ ತಪ್ಪು ಬರ್ಕೊಳ್ತಿಲ್ಲ. ನಾನೇ ಬರ್ದು ಕೊಡ್ತೀನಿ."

ಅಕ್ಕ ಹುಮ್ಮಸ್ಸಿನಿಂದ ಬೆರಳು ಲಟಿಗೆ ಮುರಿದಳು. ಕಚೇರಿಯಲ್ಲಿ ನಿದ್ದೆ, ಮಧ್ಯಾಹ್ನದ ಸಿನಿಮಾ, ಬೇರೆಯವರ ಹಾಜರಿಗೆ ರುಜು, ಹೀಗೆ ಇಡೀ ವಿಭಾಗ ವರ್ಷಗಟ್ಟಲೆ ಮಾಡಿದ್ದೆಲ್ಲ ಅವನ ಹೆಸರಿಗೆ ಬಂತು.

"ಮೇಲಧಿಕಾರಿಗಳ ಬಗ್ಗೆ ಕೆಟ್ಟದಾಗಿ ಯೋಚಿಸಿದ್ದೇನೆ ಅಂತಾನೂ ಹಾಕಕ್ಕಾ. ಅದೊಂದು ನಿಜ."

"ಯೋಚ್ನೆ ಸಾಲಲ್ಲ, ಮಾತಾಡಿದೀನಿ ಅಂತ ಹಾಕ್ತೀನಿ" ಎಂದು ಅಕ್ಕ ಟಪಟಪ ಕುಟ್ಟಿದಳು.

ನಾಲ್ಕಕ್ಕೆ ಸರಿಯಾಗಿ ಗುಮಾಸ್ತ ಜನರಲ್ ಸಾಹೇಬರ ಮುಂದೆ ನಿಂತಿದ್ದ. ಪತ್ರವನ್ನು ಅವರು ಎರಡು ಸಲ ಓದಿದರು. ಸೇವಾ ಪುಸ್ತಕದ ಕಡೆ ನೋಡಿದರು. ಇವನ ಕಡೆ ನೋಡಿದರು. ಆಮೇಲೆ ಅವರ ಮೀಸೆಯ ಕೆಳಗೆ ನಗು ಕಾಣಿಸಿತು.

"ಒಂದು ತಿಂಗಳಿಂದ ನನಗೆ ನಿಮ್ಮದೇ ಚಿಂತೆ ಆಗಿತ್ತು ಕಣ್ರೀ. ಇವತ್ತು ನೆಮ್ಮದಿ ಆಯ್ತು. ನೀವು ಯಾರ ಗೂಢಚಾರನೂ ಅಲ್ಲ. ಎಲ್ಲರ ಹಾಗೇ ಒಬ್ಬ ಸೋಮಾರಿ."

"ಹೌದು ಸಾರ್! ಖಂಡಿತ ಸಾರ್!" ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು.

"ನಿಮ್ಮನ್ನ ಏನ್ ಮಾಡ್ಬೇಕು ಅಂತಿದ್ದೆ ಗೊತ್ತಾ? ಅನುಮಾನ ಇರೋ ಮನುಷ್ಯನ್ನ ಕಣ್ಣಳತೆ ಬಿಟ್ಟು ಕಳಿಸಬಾರದು. ನಿಮ್ಮ ಮೇಜನ್ನ ನನ್ನ ಕೋಣೆ ಎದುರಿಗೇ ಹಾಕಿಸಿ, ನಾನು ಇರೋವರೆಗೂ ನಿಮ್ಮನ್ನ ಈ ಕಟ್ಟಡ ಬಿಟ್ಟು ಕದಲೋಕೆ ಬಿಡ್ತಿರಲಿಲ್ಲ." ಸಾಹೇಬರು ನಕ್ಷೆಯ ಹತ್ತಿರ ಹೋಗಿ, ಪರೀಕ್ಷಾ ವಿಭಾಗದ ಒಂದು ಗುಂಡುಸೂಜಿ ಕಿತ್ತು, ನಕ್ಷೆಯ ತೀರಾ ಮೂಲೆಗೆ ಚುಚ್ಚಿದರು. "ಈಗ ಆ ಯೋಚನೆ ಇಲ್ಲ. ದೂರದ ಶಾಖೆಗೆ ಒಬ್ಬ ಗುಮಾಸ್ತ ಬೇಕಾಗಿತ್ತು. ಅಲ್ಲಿ ಕಾಯೋರು ಯಾರೂ ಇಲ್ಲ, ನಂಬಿಕಸ್ಥನೇ ಬೇಕು. ಸೋಮವಾರ ಹೊರಡಿ."

"ಸಾರ್, ಅದರಲ್ಲಿರೋದೆಲ್ಲ ಸುಳ್ಳು ಸಾರ್! ನಾನೇನೂ ಮಾಡಿಲ್ಲ! ನನ್ನ ಮೇಲೆ ಅನುಮಾನ ಇಟ್ಕೊಳ್ಳಿ ಸಾರ್!"

"ವರ್ಗ ಅಂದ ತಕ್ಷಣ ಮಾತು ಬದಲಾಯಿಸ್ತೀರಿ. ಅಪ್ಪಟ ಗುಮಾಸ್ತ!" ಎಂದು ಸಾಹೇಬರು ಸಂತೋಷದಿಂದ ಅವನ ಕೈ ಕುಲುಕಿದರು.

ಆರು ಗಂಟೆಗೆ ಆದೇಶದ ಪ್ರತಿ ಹಿಡಿದು ಮನೆಗೆ ಬಂದ. ಹೆಂಡತಿ ಆಸ್ಪತ್ರೆಯಿಂದ ಆಗತಾನೆ ಬಂದು ಕೂತಿದ್ದಳು. ಆದೇಶವನ್ನು ಓದುತ್ತ ಓದುತ್ತ ಅವಳ ಕಣ್ಣು ಒಂದು ಸಾಲಿನಲ್ಲಿ ನಿಂತಿತು.

"ರೀ, ಏನ್ರೀ ಇದು? 'ಉಲ್ಲೇಖ: ಗುಮಾಸ್ತರು ಸ್ವಇಚ್ಛೆಯಿಂದ ಬರೆದುಕೊಟ್ಟ ಇಂದಿನ ಪತ್ರ.' ನೀವೇ ಬರ್ದು ಕೊಟ್ರಾ?"

"ಕೊಟ್ಟೆ. ಆದ್ರೆ ಅದು ಹಾಗಲ್ವೇ..."

"ಹನ್ನೊಂದು ವರ್ಷ ಕಾದೆ. ನಾಲ್ಕೇ ತಿಂಗಳಿಗೆ ಸಾಕಾಗಿ ಹೋದ್ನಾ ನಾನು?" ಅವಳ ಕಣ್ಣು ತುಂಬಿ ಬಂತು.

ಗುಮಾಸ್ತ ಅವಳ ಎದುರು ಕೂತು ಬೆಳಗಿನಿಂದ ನಡೆದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದ. ಗೂಢಚಾರ ಅಂದದ್ದು, ಮೆಮೊ ಬೇಡಿದ್ದು, ಕುಲಸಚಿವರು ಎದ್ದು ನಿಂತದ್ದು, ಒಂದನ್ನೂ ಬಿಡಲಿಲ್ಲ. ಅವಳು ರೆಪ್ಪೆ ಮಿಟುಕಿಸದೆ ಕೊನೆಯವರೆಗೂ ಕೇಳಿದಳು.

"ಇಷ್ಟು ಚೆನ್ನಾಗಿ ಸುಳ್ಳು ಹೇಳ್ತೀರಿ ಅಂತ ಇವತ್ತೇ ಗೊತ್ತಾಗಿದ್ದು" ಎಂದು ಎದ್ದು ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು.