ತಲೆಕೆಳಗಾದ ಮಾವಿನಕಾಯಿ

ರಂಗನಾಯಕಮ್ಮ ತವರಿಗೆಂದು ಮಳವಳ್ಳಿಗೆ ಹೊರಟ ದಿನ ಬೀರುವಿಗೆ ಬೀಗ ಹಾಕಿದರು, ಅಡುಗೆಮನೆಯ ಕಪಾಟಿಗೂ ಹಾಕಿದರು. ಮಂಚದಡಿಯ ಟ್ರಂಕಿಗೆ ಹಾಕುವುದನ್ನು ಮಾತ್ರ ಮರೆತರು. ಅವರ ಯಜಮಾನರಾದ ಸಂಪತ್ ಕುಮಾರ ಮೇಷ್ಟ್ರ ಮಾನ ಹೋದದ್ದು ಆ ಒಂದು ಬೀಗದಿಂದ.

ಮೇಷ್ಟ್ರ ಮನೆ ಮಂಡ್ಯದಲ್ಲಿ, ಪಾಠ ಹೇಳುವುದು ಹೊಳಲಿನ ಶಾಲೆಯಲ್ಲಿ. ಕೊರೋನಾ ಎರಡನೆಯ ಸಲ ಬಂದು ಶಾಲೆ ಮುಚ್ಚಿದ ಮೇಲೆ ಸ್ವಯಂಸೇವಕರ ಪಟ್ಟಿಗೆ ತಾವಾಗಿಯೇ ಹೆಸರು ಕೊಟ್ಟಿದ್ದರು. ಆ ವಾರ ಹೊಳಲಿನಲ್ಲಿ ಹನ್ನೊಂದು ಜನಕ್ಕೆ ಜ್ವರ. ಶನಿವಾರ ರೇಷನ್ನು ಕೊಡುತ್ತಾರೆ, ಊರಿಗೆ ಊರೇ ಸಾಲು ನಿಲ್ಲುತ್ತದೆ. ಅಷ್ಟರೊಳಗೆ ಪ್ರತಿ ಮೂತಿಗೂ ಒಂದು ಮಾಸ್ಕು ಬೀಳಬೇಕು ಎನ್ನುವುದು ಮೇಷ್ಟ್ರ ಹಟ. ಆ ಹಟ ಹತ್ತಿಸಿದ್ದು ಮಂಡ್ಯದ ಒಂದು ಸೇವಾ ಸಮಿತಿ. ಸಮಿತಿಯವರು ಬಿಳಿ ಕಾರಿನಲ್ಲಿ ಬಂದರು, ಬ್ಯಾನರು ಬಿಚ್ಚಿದರು, ನಾಲ್ಕು ಮಾಸ್ಕು ಹಂಚಿ ನಲವತ್ತು ಫೋಟೋ ತೆಗೆಸಿಕೊಂಡರು. ಹೊರಡುವಾಗ ಎರಡು ಮಾಸ್ಕು ವಾಪಸ್ ಇಸಿದುಕೊಂಡರು. ಮುಂದಿನ ಊರಿನ ಫೋಟೋಗೆ ಬೇಕಂತೆ!

ಮೈಯೆಲ್ಲ ಉರಿದುಕೊಂಡು ಮನೆಗೆ ಬಂದ ಮೇಷ್ಟ್ರ ಕಣ್ಣಿಗೆ ಟ್ರಂಕು ಬಿತ್ತು. ತೆರೆದರೆ ತುಂಬ ರವಿಕೆ ಕಣಗಳು. ಇಪ್ಪತ್ತೆರಡು ವರ್ಷದಿಂದ ಮದುವೆ, ಮುಂಜಿ, ಗೃಹಪ್ರವೇಶ ಎಂದು ಹೋದಲ್ಲೆಲ್ಲ ಎಲೆಅಡಿಕೆಯ ಜೊತೆ ಬಂದವು. ಒಂದನ್ನೂ ಹೊಲಿಸಿದ್ದಿಲ್ಲ. ಈ ಮನೆಯವರು ಕೊಟ್ಟದ್ದನ್ನು ಆ ಮನೆಯವರಿಗೆ ಕೊಡಲು ಮಡಿಸಿ ಇಟ್ಟವು.

"ಊರಲ್ಲಿ ಒಂದು ಬಟ್ಟೆ ಅಂಗಡಿ ತೆಗೆದಿಲ್ಲ, ಜನ ಟವೆಲಿನ ತುದಿ ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಾರೆ. ಇಲ್ಲಿ ಇಷ್ಟು ಬಟ್ಟೆ ದಂಡವಾಗಿ ಬಿದ್ದಿದೆ!" ಎಂದು ಖಾಲಿ ಮನೆಯ ಮೇಲೆ ರೇಗಿದರು.

ಹೊಳಲಿನ ದರ್ಜಿ ಚಿಕ್ಕಮಾದು ಮೊದಲ ಕಣಕ್ಕೆ ಕತ್ತರಿ ಇಡುವ ಮುಂಚೆ ಒಮ್ಮೆ ತಲೆ ಎತ್ತಿದ. "ಅಮ್ಮಾವ್ರುನ್ನ ಒಂದ್ ಮಾತ್ ಕೇಳುದ್ರಾ ಮೇಷ್ಟ್ರೆ?"

"ಕಾಯಿಲೆ ನನ್ನ ಹೆಂಡತೀನ ಕೇಳ್ಕೊಂಡು ಬರತ್ತೇನಯ್ಯ? ಕತ್ತರಿಸು!"

ಚಿಕ್ಕಮಾದು ಕತ್ತರಿಸಿದ. ನಾಲ್ಕು ದಿನದಲ್ಲಿ ಬಣ್ಣಬಣ್ಣದ ಮುನ್ನೂರು ಮಾಸ್ಕು ತಯಾರಾದವು.

ಶನಿವಾರ ಬೆಳಿಗ್ಗೆ ಏಳಕ್ಕೇ ಮೇಷ್ಟ್ರು ಚೀಲ ಹೆಗಲಿಗೇರಿಸಿ ಮನೆಮನೆಗೆ ಹೋದರು. ತಲೆಗೊಂದು ಮಾಸ್ಕು, ಒಗೆದುಹಾಕಿದಾಗ ಇರಲಿ ಎಂದು ಇನ್ನೊಂದು. ಯಾರಾದರೂ ಮೊಬೈಲು ಎತ್ತಿದರೆ "ಫೋಟೋ ಗೀಟೋ ಏನೂ ಬೇಡ!" ಎಂದು ಗದರಿದರು. ಹತ್ತೂವರೆಗೆ ಸಿದ್ದರಾಮುವಿನ ರೇಷನ್ ಅಂಗಡಿಯ ಮುಂದೆ ಜನ ಸೇರಿದರು. ಸುಣ್ಣದಲ್ಲಿ ಬರೆದ ಒಂದೊಂದು ಚೌಕದಲ್ಲಿ ಒಬ್ಬೊಬ್ಬರು. ಎಲ್ಲರ ಮುಖದ ಮೇಲೂ ಅರಿಸಿನ, ಕೆಂಪು, ನೇರಳೆ, ಜರಿಯಂಚು. ನೋಡಿದ ಮೇಷ್ಟ್ರ ಕಣ್ಣು ತುಂಬಿ ಬಂತು. ಬಿಳಿ ಕಾರಿನವರು ಮಾಡಲಾಗದ್ದನ್ನು ತಾನೊಬ್ಬನೇ ಮಾಡಿದೆ ಎನಿಸಿತು.

ಆ ಸಂತೋಷ ಐದು ನಿಮಿಷ ಇತ್ತು.

ಮಹಿಳಾ ಸಂಘದ ಅಧ್ಯಕ್ಷೆ ಚಲುವಮ್ಮ ಪಕ್ಕದ ಚೌಕದಲ್ಲಿದ್ದ ದೇವಿರಮ್ಮನ ಮುಖವನ್ನೇ ದಿಟ್ಟಿಸತೊಡಗಿದಳು. ದೇವಿರಮ್ಮನ ಮಾಸ್ಕು ಗಿಳಿ ಹಸಿರು, ಮಾವಿನಕಾಯಿ ಅಂಚಿನದು. ಸಾಲಾಗಿದ್ದ ಮಾವಿನಕಾಯಿಗಳಲ್ಲಿ ಒಂದು ಮಾತ್ರ, ನೇಯ್ದವನ ತಪ್ಪಿನಿಂದ, ತಲೆಕೆಳಗಾಗಿತ್ತು. ಅದು ಸರಿಯಾಗಿ ದೇವಿರಮ್ಮನ ಮೂಗಿನ ಮೇಲೇ ಕೂತಿತ್ತು.

"ಅಯ್ಯಯ್ಯೋ, ನನ್ ಕಣ!" ಚಲುವಮ್ಮ ತನ್ನ ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಕೂಗಿದಳು. "ಮಗಳ ಮದ್ವೇಲಿ ಮೇಷ್ಟ್ರೆಂಡ್ರಿಗೆ ಅಂತ ನಾನೇ ಆರ್ಸಿ ತಂದ್ ಕೊಟ್ಟಿದ್ದು ಕಣಮ್ಮಿ! ಮುತ್ತೈದೆಗೆ ಕೊಟ್ಟಿದ್ ಕಣವ ಕತ್ರಿಸಿ ಇವಳ ಮೂತಿಗ್ ಕಟ್ಟವ್ರಲ್ಲ!"

ದೇವಿರಮ್ಮ ಮಾಸ್ಕು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದಳು. "ಆರ್ಸಿ ತಂದ್ಯಾ? ಸುಳ್ಳೇಳಕ್ಕೂ ಒಂದ್ ಮಿತಿ ಬ್ಯಾಡ್ವಾ? ನನ್ ಮೊಮ್ಮಗನ್ ನಾಮಕರಣಕ್ಕೆ ಬಂದಾಗ ನಾನ್ ನಿಂಗೆ ಕೊಟ್ಟಿದ್ದು ಕಣೇ ಇದು! ಈ ತಲೆಕೆಳ್ಗಿನ ಮಾವಿನ್‌ಕಾಯಿ ನಂಗೊತ್ತಿಲ್ವಾ? ನಾನ್ ಕೊಟ್ಟಿದ್ನ ಕಂಡೋರ್ಗೆ ದಾಟಿಸ್‌ಬುಟ್ಯಾ?"

ಶಾಲೆಯಲ್ಲಿ ಬಿಸಿಯೂಟ ಮಾಡುವ ಮುದ್ದಮ್ಮ ಸಾಲಿನ ಕೊನೆಯಿಂದ ಓಡಿಬಂದು ಮಾಸ್ಕನ್ನು ಕಿತ್ತುಕೊಂಡಳು. "ಕೊಡಕ್ಕ ಇಲ್ಲಿ... ಅಯ್ಯೋ ನಿನ್ನ! ಇದು ನಿನ್ ಗೃಹಪ್ರವೇಶಕ್ಕೆ ನಾನ್ ತಂದ್ಕೊಟ್ಟಿದ್ದಲ್ವಾ? ನೀನೂ ಸಾಚಾ ಅಲ್ಲ ಬುಡು!"

ಅಲ್ಲಿಗೆ ಸಾಲು ಮುರಿಯಿತು. ಹೆಂಗಸರೆಲ್ಲ ತಮ್ಮ ತಮ್ಮ ಮಾಸ್ಕು ಬಿಚ್ಚಿ ಬಿಸಿಲಿಗೆ ಹಿಡಿದು, ಅಂಚು ನೋಡಿ, ಇನ್ನೊಬ್ಬರ ಮುಖದ ಮೇಲಿದ್ದುದನ್ನೂ ಎಳೆದು ನೋಡತೊಡಗಿದರು. ಮಾಸ್ಕುಗಳು ಕೈಯಿಂದ ಕೈಗೆ ಹೋದವು. ಯಾರ ಕಣ ಯಾರ ಮನೆ ಹೊಕ್ಕು ಬಂದಿದೆ ಎಂಬ ಇಪ್ಪತ್ತು ವರ್ಷದ ಲೆಕ್ಕ ಒಂದೇ ಸಲಕ್ಕೆ ಬಯಲಾಯಿತು.

"ಅಂತರ! ಅಂತರ ಕಾಪಾಡಿ!" ಮೇಷ್ಟ್ರು ಗಂಟಲು ಹರಿಯುವಂತೆ ಕೂಗಿದರು. "ಜಗಳ ಆಡ್ರಮ್ಮಾ, ಬೇಡ ಅನ್ನಲ್ಲ, ಮಾಸ್ಕ್ ಹಾಕ್ಕೊಂಡು ಆಡಿ!"

ಆ ಕೂಗಿನಿಂದ ಎಲ್ಲರಿಗೂ ಮೇಷ್ಟ್ರ ನೆನಪಾಯಿತು.

"ನಿಮ್ದೇನದು?" ಎಂದು ಚಲುವಮ್ಮ ಅವರ ನೇರಳೆ ಬಣ್ಣದ ಮಾಸ್ಕನ್ನೇ ಎಳೆದುಕೊಂಡಳು. "ಇದ್ಯಾರ್ ಕಣವೋ! ಇರ್ಲಿ, ಸಾಕ್ಷಿಗೆ ಬೇಕಾಯ್ತದೆ." ಮಾಸ್ಕು ಅವಳ ಸೊಂಟ ಸೇರಿತು. ಇನ್ನೊಂದು ಕೈಯಿಂದ ರಂಗನಾಯಕಮ್ಮನವರಿಗೆ ಫೋನು ಹೋಗಿಯೇಬಿಟ್ಟಿತು. ಸ್ಪೀಕರಿನಲ್ಲಿ ಇಡೀ ಊರಿಗೆ ಕೇಳುವಂತೆ ಅವರ ದನಿ ಬಂತು: "ವಾಪಸ್ ಬರ್ತಾ ಇದೀನಿ, ಅಣ್ಣನ ಕಾರಲ್ಲಿ ಮದ್ದೂರು ದಾಟಿದೀನಿ. ಅವರನ್ನ ಅಲ್ಲೇ ಇರೋಕೆ ಹೇಳಿ."

ಮೇಷ್ಟ್ರು ಅಂಗಡಿಯ ಜಗಲಿಯಲ್ಲಿ ಮುಕ್ಕಾಲು ಗಂಟೆ ಕೂತರು. ಮಾಡಿದ ತಪ್ಪೇನು? ಜೀವ ಉಳಿಯಲಿ ಎಂದದ್ದು ತಪ್ಪೆ? ಸಿದ್ದರಾಮುವೂ ಅಕ್ಕಿ ಅಳೆಯುವುದನ್ನು ನಿಲ್ಲಿಸಿ, "ಪಂಚಾಯ್ತಿ ಮುಗೀಲಿ ತಡೀರಿ" ಎಂದು ಬೀಡಿ ಹಚ್ಚಿದ.

ರಂಗನಾಯಕಮ್ಮ ಇಳಿದರು. ಅವರಣ್ಣ ಈ ಜಗಳದ ಸಹವಾಸ ಬೇಡವೆಂದು ಕಾರು ತಿರುಗಿಸಿಕೊಂಡು ಹೋದರು. ಚಲುವಮ್ಮ ಆ ಹಸಿರು ಮಾಸ್ಕನ್ನು ಹಿಡಿದು ತೋರಿಸಿದಳು. ರಂಗನಾಯಕಮ್ಮ ಅದನ್ನು ನೋಡಿ ಏಕೋ ಬೇರೆ ಕಡೆ ತಿರುಗಿದರು.

ಮುದ್ದಮ್ಮ ಮೆಲ್ಲಗೆ ಕೇಳಿದಳು. "ಅಮ್ಮಾವ್ರೆ, ವರಮಾಲಕ್ಷ್ಮಿ ಹಬ್ಬದಲ್ಲಿ ಇದ್ನ ನಂಗೆ ಕೊಟ್ಟೋರೇ ನೀವಲ್ವಾ?"

ಮಾವಿನಕಾಯಿ ರಂಗನಾಯಕಮ್ಮನವರ ಟ್ರಂಕಿನಿಂದಲೇ ಹೊರಟು, ಮೂರು ಮನೆ ಸುತ್ತಿ, ಅದೇ ಟ್ರಂಕಿಗೆ ಬಂದು ಬಿದ್ದಿತ್ತು. ನಾಲ್ಕು ಜನ ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೇಷ್ಟ್ರು ಕತ್ರಿಸ್ದೆ ಇದ್ದಿದ್ರೆ ಇದ್ಯಾವ್ದೂ ಯಾರ್ಗೂ ಗೊತ್ತಾಯ್ತಿರ್ನಿಲ್ಲ," ಎಂದಳು ಚಲುವಮ್ಮ.

"ಅದನ್ನೇ ನಾನೂ ಹೇಳೋದು," ಎಂದರು ರಂಗನಾಯಕಮ್ಮ.

ನಾಲ್ವರೂ ಒಟ್ಟಾಗಿ ಮೇಷ್ಟ್ರ ಕಡೆ ತಿರುಗಿದರು. ಆಮೇಲೆ ಆದದ್ದನ್ನು ಬರೆಯುವ ಹಾಗಿಲ್ಲ. "ಹನ್ನೊಂದು ಜನಕ್ಕೆ ಜ್ವರ ಇದೆ ಕಣ್ರಮ್ಮಾ..." ಎಂದು ಮೇಷ್ಟ್ರು ಶುರುಮಾಡಿದ ಮಾತು ಕೊನೆಗೂ ಮುಗಿಯಲಿಲ್ಲ.

ಬಯ್ದು ಮುಗಿದ ಮೇಲೆ ಹೆಂಗಸರು ಒಂದಾದರು. ಊರಿಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಹೊಸ ಕಣ ತರಲು ಅಂಗಡಿ ಇಲ್ಲ; ಹಳೆಯದನ್ನು ತೆಗೆದರೆ ಯಾರದೆಂಬ ಪ್ರಶ್ನೆ ಮತ್ತೆ ಏಳುತ್ತದೆ. ಚಲುವಮ್ಮನಿಗೇ ಮೊದಲು ಹೊಳೆಯಿತು. ತಟ್ಟೆಯಲ್ಲಿ ಎಲೆಅಡಿಕೆ, ಬಾಳೆಹಣ್ಣು, ಅದರ ಮೇಲೆ ಬೆಳಿಗ್ಗೆ ಮೇಷ್ಟ್ರೇ ಕೊಟ್ಟಿದ್ದ, ಇನ್ನೂ ಮಡಿಕೆ ಬಿಚ್ಚದ ಮಾಸ್ಕು. ಇತರರೂ ಹಾಗೆಯೇ ಮಾಡಿದರು. ಮಿಕ್ಕವನ್ನು, ಗಂಡಸರು ಕಟ್ಟಿಕೊಂಡಿದ್ದವನ್ನೂ ಬಿಚ್ಚಿಸಿ, ಮುಂದಿನ ಸಮಾರಂಭಕ್ಕೆ ಇರಲೆಂದು ಪೆಟ್ಟಿಗೆಗೆ ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ಹೊಳಲಿನಲ್ಲಿ ಒಂದು ಮುಖದ ಮೇಲೂ ಮಾಸ್ಕು ಇರಲಿಲ್ಲ.

ಮೇಷ್ಟ್ರ ಸ್ಕೂಟರಿನಲ್ಲಿ ಗಂಡಹೆಂಡಿರು ಮಂಡ್ಯಕ್ಕೆ ಹೊರಟರು. ತಾಂಬೂಲದ ಚೀಲ ರಂಗನಾಯಕಮ್ಮನವರ ತೊಡೆಯ ಮೇಲೆ. ಊರ ಬಾಗಿಲಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು.

"ಎಲ್ರೀ ಮಾಸ್ಕು?"

ಮೇಷ್ಟ್ರು ಹಿಂದಕ್ಕೆ ಕೈಚಾಚಿದರು. ರಂಗನಾಯಕಮ್ಮ ಆ ಕೈಗೆ ಪಟ್ಟನೆ ಹೊಡೆದರು. "ತಾಂಬೂಲದಲ್ಲಿ ಬಂದಿದ್ದನ್ನ ಗಂಡಸರು ಬಾಯಿಗೆ ಕಟ್ಟಿಕೊಳ್ಳೋದಾ? ಮಾಡಿದ್ದು ಸಾಲದಾ ನಿಮಗೆ?"

ಅಷ್ಟರಲ್ಲಿ ಮರದ ನೆರಳಿನಿಂದ ನಾಲ್ಕು ಜನ ಓಡಿಬಂದರು. ಪಕ್ಕದಲ್ಲಿ ಅದೇ ಬಿಳಿ ಕಾರು, ಅದೇ ಬ್ಯಾನರು. "ಪಾಪ, ಮಾಸ್ಕ್ ಇಲ್ವಾ ಸಾರ್?" ಎಂದು ಒಬ್ಬ ಒಂದು ಮಾಸ್ಕನ್ನು ಮೇಷ್ಟ್ರ ಕೈಗಿಟ್ಟ, ಇನ್ನಿಬ್ಬರು ಅದರ ಒಂದೊಂದು ತುದಿ ಹಿಡಿದರು. "ಸ್ವಲ್ಪ ನಗಿ ಸಾರ್!" ಎಂದು ನಾಲ್ಕನೆಯವ ಮೊಬೈಲು ಎತ್ತಿದ. ಫೋಟೋ ಆಯಿತು. ಮಾಸ್ಕನ್ನು ಇಸಿದುಕೊಂಡು ಹಿಂದಿನ ಬೈಕಿನವನ ಕಡೆ ಓಡಿದರು.

ಪೊಲೀಸಿನವನು ಇಬ್ಬರಿಗೂ ಸೇರಿಸಿ ದಂಡದ ರಸೀದಿ ಹರಿದು ಮೇಷ್ಟ್ರ ಕೈಗೆ ಕೊಟ್ಟ.

ಸಂಜೆ ರಂಗನಾಯಕಮ್ಮ ಮಾಸ್ಕುಗಳನ್ನು ಟ್ರಂಕಿಗೆ ಹಾಕಿ, ಬೀಗ ಜಡಿದು, ಎರಡು ಸಲ ಎಳೆದು ನೋಡುತ್ತಿದ್ದಾಗ ಮೇಷ್ಟ್ರ ಮೊಬೈಲು ಸದ್ದು ಮಾಡಿತು. ಹೊಳಲಿನ ವಾಟ್ಸಾಪ್ ಗುಂಪಿಗೆ ಆ ಫೋಟೋ ಬಂದಿತ್ತು. ಕೆಳಗೆ 'ನಿರ್ಗತಿಕ ಶಿಕ್ಷಕರಿಗೆ ಸಮಿತಿಯ ನೆರವು' ಎಂದಿತ್ತು. ಅದರ ಹಿಂದೆಯೇ ಚಲುವಮ್ಮನ ದನಿ:

"ಅಯ್ಯೋ ಮೇಷ್ಟ್ರೆ, ನಿಮ್ಗೆ ಮಾಸ್ಕೇ ಇರ್ನಿಲ್ವಾ? ಒಂದ್ ಮಾತ್ ಏಳಿದ್ರೆ ನಾವೇ ಒಂದ್ ಕೊಡ್ತಿರ್ನಿಲ್ವಾ!"