ಬೆಂಕಿ ಬೆಟ್ಟಕ್ಕೆ ಹೊರಟ ಗಯಾಸುದ್ದೀನ್ ಸಾಬರು

ಹುಣಸೂರಿನಲ್ಲಿ ಎತ್ತಿನ ಗಾಡಿ ಮಾಡಿಸುವ ಗಯಾಸುದ್ದೀನ್ ಸಾಬರು ಒಂದು ಬೆಳಿಗ್ಗೆ ಚಹಾದ ಬಟ್ಟಲು ಕೆಳಗಿಟ್ಟು ಎದೆ ಸೆಟೆಸಿದರು. ಭೂಮಂಡಲಕ್ಕೆಲ್ಲ ಕೇಳಲಿ ಎಂಬ ಠೀವಿಯಲ್ಲಿ, ಆದರೆ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಮಾತ್ರ ಕೇಳಿಸದಷ್ಟು ಮೆಲ್ಲಗೆ, ಘೋಷಿಸಿದರು:

"ಮೈಸೂರು ಸೀಮೆಯಲ್ಲಿ ಹಿಮದ ಮೇಲೆ ಜಾರಿದ ಮೊದಲನೇ ಗಂಡಸು ಈ ಗಯಾಸುದ್ದೀನ್!"

ಹಿಮವನ್ನು ಅವರು ಕಂಡವರಲ್ಲ. ಬೆಟ್ಟವೆಂದರೆ ಅವರಿಗೆ ಚಾಮುಂಡಿ ಬೆಟ್ಟ, ಚಳಿಯೆಂದರೆ ಡಿಸೆಂಬರಿನಲ್ಲಿ ಲಕ್ಷ್ಮಣತೀರ್ಥದ ಮೇಲೆ ಕವಿಯುವ ಮಂಜು, ಜಾರುವುದೆಂದರೆ ಬಚ್ಚಲುಮನೆ. ಇಷ್ಟು ಅನುಭವ ಸಾಲದೆ ಒಬ್ಬ ಗಂಡಸಿಗೆ?

ಈ ಹುಚ್ಚು ಹತ್ತಿಸಿದವನು ಟರ್ನ್‌ಬುಲ್ ದೊರೆ. ಕೊಡಗಿನ ಗಡಿಯಲ್ಲಿ ಅವನ ಕಾಫಿ ತೋಟ. ಕಾಫಿ ಹೊರುವ ಗಾಡಿಗಳೆಲ್ಲ ಸಾಬರ ಕಾರ್ಖಾನೆಯವೇ. ಅವನು ಬಂಗಲೆಯ ಜಗಲಿಯಲ್ಲಿ ಒಂದು ಚಿತ್ರ ತೋರಿಸಿದ್ದ. ಜಪಾನ್ ದೇಶದ ಒಂದು ಮಹಾ ಬೆಟ್ಟ. ಹೊಟ್ಟೆಯೊಳಗೆ ಬೆಂಕಿ, ಮೈತುಂಬ ಹಿಮ, ನೆತ್ತಿಯಲ್ಲಿ ಸಣ್ಣಗೆ ಹೊಗೆ! ಬುಡದಲ್ಲಿ ಅರಮನೆಯಂಥ ಹೋಟೆಲು, ಪಕ್ಕದಲ್ಲೇ ಬಿಸಿನೀರಿನ ಬುಗ್ಗೆ. ಜನ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಮೇಲಿನಿಂದ ಕೆಳಕ್ಕೆ ಜಾರುತ್ತಿದ್ದರು. ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಜಾರುತ್ತಿದ್ದರು.

"ಗಯಾಸ್, ಈ ಹಲಗೆ ನೀನು ಮಾಡ್ತೀಯಾ?" ಎಂದ ದೊರೆ.

ಮಾಡದೆ ಏನು? ನೊಗ ಕಟ್ಟುವ ಗಾಡಿಯ ಮೂಕಿಗೆ ಹಾಕುವ ದಡಸಲು ಮರ, ಬಗ್ಗಿಸಿದರೆ ಬಗ್ಗುತ್ತದೆ, ಮುರಿಯುವುದಿಲ್ಲ. ಸಾಬರು ಹಬೆಯಲ್ಲಿಟ್ಟು, ತುದಿ ಮೇಲಕ್ಕೆ ಬಾಗಿಸಿ, ಎಣ್ಣೆ ತಿಕ್ಕಿ ಕೊಟ್ಟರು. ದೊರೆ ಹಲಗೆಯ ಮೇಲೆ ಕೈಯಾಡಿಸಿ ಮರುಳಾಗಿ ಹೋದ. "ನೀನೂ ಬಾ ನನ್ನ ಸಂಗಡ! ಅಲ್ಲಿ ಹಲಗೆ ಮುರಿದರೆ ಯಾರು ರಿಪೇರಿ ಮಾಡೋದು? ಹಡಗು, ಹೋಟೆಲು, ಎಲ್ಲಾ ನನ್ನ ಲೆಕ್ಕ. ಜನವರಿಗೆ ಹೊರಡೋಣ."

ಸಾಬರು ಅಲ್ಲೇ ಒಪ್ಪಿಕೊಂಡರು. ಮನೆಗೆ ಬರುವ ದಾರಿಯಲ್ಲಿ ಮಾತ್ರ ಒಂದು ಸಣ್ಣ ತೊಡಕು ನೆನಪಾಯಿತು. ಅದರ ಹೆಸರು ಖತೀಜಾಬಿ.

ಖತೀಜಾಬಿಗೆ ಮದುವೆಯಾದಂದಿನಿಂದ ಇದ್ದದ್ದು ಒಂದೇ ಆಸೆ, ಗಂಡನ ಜೊತೆ ಹಜ್‌ಗೆ ಹೋಗಬೇಕು. ಪ್ರತಿ ವರ್ಷವೂ ಕೇಳುತ್ತಿದ್ದಳು. ಪ್ರತಿ ವರ್ಷವೂ ಸಾಬರು "ಮುಂದಿನ ವರ್ಷ" ಎನ್ನುತ್ತಿದ್ದರು. ಒಮ್ಮೆ ಮಂಡಿನೋವು, ಒಮ್ಮೆ ಕಾರ್ಖಾನೆ ನೋಡಿಕೊಳ್ಳಲು ಜನವಿಲ್ಲ. ಹೋದ ವರ್ಷವಂತೂ, "ನನಗೆ ಸಮುದ್ರ ಆಗೋಲ್ಲ ಕಣೇ, ಕಪಿಲಾ ಹೊಳೇಲಿ ಹರಿಗೋಲು ಹತ್ತಿದ್ರೇ ಹೊಟ್ಟೆ ತೊಳಸುತ್ತೆ" ಎಂದುಬಿಟ್ಟಿದ್ದರು. ಅಂಥ ಹೊಟ್ಟೆ ಈಗ ಜಪಾನಿನವರೆಗೆ ಸಮುದ್ರ ದಾಟುತ್ತದೆಂದು ಹೇಳುವುದು ಹೇಗೆ? ಆದ್ದರಿಂದ ಹೊರಡುವ ಹಿಂದಿನ ದಿನದವರೆಗೂ ಬಾಯಿ ಬಿಡಬಾರದೆಂದು ನಿರ್ಧರಿಸಿದರು. ಸಿದ್ಧತೆ ಗುಟ್ಟಾಗಿ ನಡೆಯಿತು.

ಗುಟ್ಟು ಎಂದರೆ ಹುಣಸೂರಿನ ಮಟ್ಟಿನ ಗುಟ್ಟು. ಮೊದಲು ತಾಲೀಮು. ಕಾರ್ಖಾನೆಯ ಹಿಂದೆ ಗರಗಸದ ಹೊಟ್ಟು ಗುಡ್ಡದ ಹಾಗೆ ಬಿದ್ದಿತ್ತು. ಸಾಬರು ಹಲಗೆ ಕಟ್ಟಿಕೊಂಡು ಅದರ ನೆತ್ತಿಯ ಮೇಲೆ ನಿಂತರು. ಗರಗಸ ಎಳೆಯುವ ಕರಿಯಯ್ಯ ಕೆಲಸ ಬಿಟ್ಟು ನೋಡುತ್ತಾ ನಿಂತ.

"ಸಾಬ್ರೇ, ಒಳಗೆ ಬೆಂಕಿ ಅಂತೀರಿ, ಮೇಲೆ ಮಂಜುಗಡ್ಡೆ ಅಂತೀರಿ. ಅದೆಂಗ್ ಕರಗಕ್ಕಿಲ್ವಾ?"

"ಅದು ಜಪಾನ್ ಕಣಯ್ಯ! ಅಲ್ಲಿ ಎಲ್ಲಾ ಶಿಸ್ತು."

"ಅಂಗಾರೆ ಸರಿ ಬುಡಿ. ಇಳೀರಿ, ನಾ ಇಡ್ಕೋತೀನಿ."

ಸಾಬರು ಇಳಿದರು. ಹಲಗೆಗಳು ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಹೊರಟವು. ಸಾಬರು ಎರಡರ ನಡುವೆ ರಾಜಿ ಮಾಡಿಸಲು ಹೋಗಿ ಸೊಂಟದವರೆಗೆ ಹೊಟ್ಟಿನಲ್ಲಿ ಹೂತುಹೋದರು. ಕರಿಯಯ್ಯ ಗುದ್ದಲಿ ತರಬೇಕಾಯಿತು. ಆದರೂ ಸಾಬರು ಎದೆಗುಂದಲಿಲ್ಲ. ಕಾಲಿಗೆ ಬಲ ಬರಲೆಂದು ಬೆಳ್ಳಂಬೆಳಿಗ್ಗೆ ಎದ್ದು ಬಿಳಿಕೆರೆ ದಾರಿಯಲ್ಲಿ ನಡೆದರು. ಎತ್ತರದ ಬೆಟ್ಟದಲ್ಲಿ ಉಸಿರು ಬೇಕೆಂದು ದೊರೆ ಹೇಳಿದ್ದಕ್ಕೆ ಎಲೆಯಡಿಕೆ, ಹೊಗೆಸೊಪ್ಪು ಬಿಟ್ಟರು. ಹಿಮದ ಗಾಳಿಗೆ ಕೆನ್ನೆ ಒಡೆಯುತ್ತದೆಂದು ಗಡ್ಡ ಬೆಳೆಸಿದರು. ಹಡಗು ಹತ್ತುವವರಿಗೆ ಬೇಕೇಬೇಕೆಂದು ಸರ್ಕಾರಿ ಆಸ್ಪತ್ರೆಗೆ ಹೋಗಿ ತೋಳಿಗೆ ಸೂಜಿ ಚುಚ್ಚಿಸಿಕೊಂಡರು. ಅಣ್ಣನ ಮಗ ಶಕೀಲನನ್ನು ಕರೆದು ಕಾರ್ಖಾನೆಯ ಬೀಗದ ಕೈ ಒಪ್ಪಿಸಿದರು. ಕಡೆಗೆ ಸಂತೆಯಿಂದ ಒಂದು ದೊಡ್ಡ ತಗಡಿನ ಪೆಟ್ಟಿಗೆ ಬಂತು.

ಗಡ್ಡ, ಸೂಜಿ, ಪೆಟ್ಟಿಗೆ! ಹೊಗೆಸೊಪ್ಪು ಬಿಟ್ಟ ಬಾಯಿ, ಸೂರ್ಯನಿಗಿಂತ ಮುಂಚೆ ಏಳುವ ಮೈ! ಹುಣಸೂರಿನ ಯಾವ ಸಾಬರು ಇಂಥ ಲಕ್ಷಣ ತೋರಿಸಿದರೂ ಅವರು ಹೋಗುವ ಊರು ಒಂದೇ. ಒಂದು ಶುಕ್ರವಾರ ಮಸೀದಿಯ ಮೆಟ್ಟಿಲಿಳಿಯುವಾಗ ಎದುರಿಗೆ ಬಂದವರೆಲ್ಲ ಸಾಬರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮುಬಾರಕ್ ಹಾಜಿ ಸಾಬ್! ನಮಗೂ ದುವಾ ಮಾಡಿ."

"ಯಾವ ಹಾಜಿ?"

"ನೋಡಿ, ಎಷ್ಟು ವಿನಯ!" ಎಂದು ಜನ ಕಣ್ಣೊರೆಸಿಕೊಂಡರು.

ಸಾಬರಿಗೆ ವಿಷಯ ಹೊಳೆಯಿತು. ಆಗಲೇ "ಇಲ್ರಪ್ಪಾ, ನಾನು ಹಲಗೆ ಕಟ್ಟಿಕೊಂಡು ಜಾರುವುದಕ್ಕೆ ಹೊರಟಿದ್ದೇನೆ" ಎಂದು ಹೇಳಿಬಿಡಬೇಕಿತ್ತು. ಆದರೆ ಮಸೀದಿಯ ಮೆಟ್ಟಿಲ ಮೇಲೆ ನಿಂತು ಅಂಥ ಮಾತು ಬಾಯಿಗೆ ಬರುತ್ತದೆಯೇ? ನಾಳೆ ಹೇಳಿದರಾಯಿತು ಎಂದು ಮನೆಗೆ ಬಂದರು. ಮನೆಯಲ್ಲಿ ಖತೀಜಾಬಿ ಬಾಗಿಲಲ್ಲೇ ನಿಂತಿದ್ದಳು. ಎಂದೂ ಇಲ್ಲದಂತೆ ಗಂಡನ ಚಪ್ಪಲಿಯನ್ನು ತಾನೇ ಎತ್ತಿ ಗೋಡೆಯ ಪಕ್ಕಕ್ಕಿಟ್ಟು, "ನನಗೆ ಹೇಳದೇನೇ ಎಲ್ಲಾ ಮಾಡಿದ್ರಲ್ಲ" ಎಂದಳು. ಸಾಬರಿಗೆ ಹೊಟ್ಟಿನ ಗುಡ್ಡದಲ್ಲಿ ಇನ್ನೊಮ್ಮೆ, ಈ ಸಲ ತಲೆಯವರೆಗೆ, ಹೂತುಹೋಗಬೇಕೆನ್ನಿಸಿತು.

ನಾಳೆ ಬಂತು, ಅದರ ಜೊತೆ ಊರೂ ಬಂತು. ಹಂಪಾಪುರದಿಂದ ಸೋಮಮ್ಮ ಬಂದಳು. ಅವಳ ಗಂಡನಿಗೆ ಸಾಬರು ಗಾಡಿ ಮಾಡಿಕೊಟ್ಟಿದ್ದರು. ಸೋಮಮ್ಮ ತೆಂಗಿನಕಾಯಿ ಕೆಳಗಿಟ್ಟು, ಸೆರಗಿನಿಂದ ಒಂದು ಪುಟ್ಟ ತಾಮ್ರದ ಗಿಂಡಿ ತೆಗೆದಳು.

"ಸಾಬ್ರೇ, ನಿಮ್ ಕಡೆ ಅದೇನೋ ಪುಣ್ಯದ್ ನೀರು ಸಿಕ್ತದಂತೆ. ನಮ್ ಗಂಗಮ್ಮ ಇದ್ದಂಗೆ ತಾನೇ? ನಮ್ಮತ್ತೆ ಆಸಿಗೆ ಇಡ್ದವ್ಳೆ. ಈ ಗಿಂಡಿ ತುಂಬ್ಕೊಂಡು ಬನ್ರಪ್ಪ."

"ಸೋಮಮ್ಮ, ನಾನು ಹೋಗೋದು..."

"ಗೊತ್ತು ಕಣ್ರೀ, ದೂರ! ಅದ್ಕೇ ಸಣ್ಣ ಗಿಂಡಿ ತಂದಿವ್ನಿ."

ಸಾಬರು ಗಿಂಡಿ ತೆಗೆದುಕೊಂಡರು. ತೆಗೆದುಕೊಳ್ಳದೆ ಇರುವ ಧೈರ್ಯ ಅವರಿಗಿರಲಿಲ್ಲ.

ಇದನ್ನಾದರೂ ತಡೆದುಕೊಳ್ಳಬಹುದಿತ್ತು. ಹಜ್‌ಗೆ ಹೊರಡುವವನ ಬಗ್ಗೆ ಒಂದು ಪದ್ಧತಿಯಿದೆ. ಹೊರಡುವ ಮೊದಲು ಅವನು ಯಾರ ಯಾರ ಮನಸ್ಸು ನೋಯಿಸಿದ್ದಾನೋ ಅವರನ್ನೆಲ್ಲ ಕಂಡು ಮಾಫಿ ಕೇಳಬೇಕು, ಬೇರೆಯವರೂ ಬಂದು ಅವನನ್ನು ಕೇಳುತ್ತಾರೆ. ಎದುರು ಬೀದಿಯ ಜಾನ್ ಪಾಷಾನೂ ಮರದ ವ್ಯಾಪಾರಿ. ಒಂದು ಮತ್ತಿ ಮರದ ದಿಮ್ಮಿಯ ಜಗಳದಿಂದಾಗಿ ಅವನಿಗೂ ಸಾಬರಿಗೂ ಮಾತು ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಅಂಥ ಜಾನ್ ಪಾಷಾ ಹಾಡುಹಗಲೇ ಬೀದಿ ದಾಟಿ ಬಂದು ಸಾಬರನ್ನು ಬಿಗಿಯಾಗಿ ತಬ್ಬಿಕೊಂಡುಬಿಟ್ಟ!

"ಭಾಯಿ, ಆ ದಿಮ್ಮಿ ನಿಂದೇ. ನಿನ್ನ ಗುರುತು ಹೆರೆದುಹಾಕಿ ನನ್ನ ಗುರುತು ಹೊಡೆದವನು ನಾನೇ. ಮಾಫ್ ಮಾಡ್ಬಿಡು."

ಸಾಬರಿಗೆ ಅಳು ಬಂತು. ಇದು ಮಾತ್ರ ನಟನೆಯಲ್ಲ, ನಿಜವಾಗಿಯೇ ಬಂತು. ಒಂದು ಕಾಲದಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. "ನನ್ನನ್ನೂ ಮಾಫ್ ಮಾಡು ಪಾಷಾ" ಎಂದರು. "ನಿನ್ನ ಎಮ್ಮೆ ತಪ್ಪಿಸಿಕೊಂಡು ಪಿರಿಯಾಪಟ್ಟಣದ ದೊಡ್ಡಿ ಸೇರಿತ್ತಲ್ಲ, ಬೇಲಿ ಕಿತ್ತವನು ನಾನೇ."

"ನೀನಾ?" ಜಾನ್ ಪಾಷಾ ತೋಳು ಸಡಿಲಿಸಿದ. ಒಂದು ಕ್ಷಣ ಸಾಬರ ಗಡ್ಡ ನೋಡಿದ. ಮತ್ತೆ ತಬ್ಬಿಕೊಂಡ. "ಹೋಗ್ಲಿ ಬುಡು. ಹೊರಟವನ ಮೇಲೆ ಸಿಟ್ಟು ಮಾಡ್ಕೋಬಾರ್ದು. ಬಂದ ಮೇಲೆ ನೋಡ್ಕೋತೀನಿ."

ಇನ್ನು ಹೇಗೆ ಹೇಳುವುದು? ಮಕ್ಕಾಗೆಂದು ತಬ್ಬಿಸಿಕೊಂಡು ಮಂಜಿಗೆ ಹೋದರೆ ಹುಣಸೂರಿನಲ್ಲಿ ಮತ್ತೆ ತಲೆಯೆತ್ತಿ ತಿರುಗುವ ಹಾಗಿಲ್ಲ. ಅದಾದರೂ ಸಹಿಸಬಹುದು. ಆದರೆ ಒಳಗೆ ಖತೀಜಾಬಿ ಹಜ್‌ನಲ್ಲಿ ಗಂಡ ಉಡಬೇಕಾದ ಎರಡು ಬಿಳಿಯ ಬಟ್ಟೆಗಳನ್ನು ಒಗೆದು ಒಣಗಿಸಿ, ನಾದಿನಿ ಮುನ್ನೀಬಿಗೆ ಹಡಗಿನ ವಿಷಯ ಹೇಳುತ್ತಾ ಸಣ್ಣ ಹುಡುಗಿಯಂತೆ ನಗುತ್ತಿದ್ದಳು. ಆ ನಗುವನ್ನು ಸಾಬರು ಮದುವೆಯ ಹೊಸತರಲ್ಲಿ ಕೇಳಿದ್ದೇ ಕೊನೆ. ಅದನ್ನು ನಿಲ್ಲಿಸುವವನು ತಾನಾಗಬೇಕಲ್ಲ ಎಂದು ಅವರಿಗೆ ಸಂಕಟವಾಯಿತು.

ಊರವರು ಹೂವಿನ ಹಾರ ಹಾಕಿ ಹರಸಲು ಬಂದ ದಿನವೇ ಟರ್ನ್‌ಬುಲ್ ದೊರೆಯ ಮೋಟಾರು ಬಂದು ಬಾಗಿಲಿಗೆ ನಿಂತಿತು. ಹಲಗೆ ಒಯ್ಯಲು ಬಂದ ದೊರೆಗೆ ಬೀದಿ ತುಂಬ ಜನ ಕಂಡರು. ಸಾಬರ ಕೊರಳಲ್ಲಿ ಕಿವಿ ಮುಚ್ಚುವಷ್ಟು ಹಾರ! ದೊರೆಯೇ ಖರ್ಚು ಕೊಟ್ಟು ಕಳಿಸುತ್ತಿದ್ದಾನೆಂದು ಯಾರೋ ಹೇಳಿದರು. ಮರುಕ್ಷಣವೇ ಅವನ ಕೊರಳಿಗೂ ಎರಡು ಹಾರ ಬಿದ್ದವು.

"ವಾಹ್!" ಎಂದ ದೊರೆ. "ಜಾರೋ ಆಟದ ಮೇಲೆ ಹುಣಸೂರಿಗೆ ಇಷ್ಟು ಪ್ರೀತಿಯಾ?"

ಸಾಬರು ಅವನನ್ನು ಹಲಗೆಗಳ ಮರೆಗೆ ಎಳೆದುಕೊಂಡು ಹೋಗಿ, ಹಾರದೊಳಗಿಂದಲೇ ಎಲ್ಲವನ್ನೂ ಪಿಸುಗುಟ್ಟಿದರು. ದೊರೆ ಮೊದಲು ಕೆಂಪಾದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಗಯಾಸ್, ನಿನ್ನ ಹೆಂಡತಿ ಮುಖ ನೋಡಿದೆ. ನೀನು ಅವಳ ಸಂಗಡ ಹೋಗು. ನನ್ನ ಬೆಟ್ಟ ಎಲ್ಲೂ ಓಡಿಹೋಗೋದಿಲ್ಲ."

"ಹಲಗೆ ಮುರಿದರೆ ದೊರೆ?"

"ಹೋಟೆಲಿನಲ್ಲಿ ಕೂತು ಬಿಸಿನೀರು ಸ್ನಾನ ಮಾಡ್ತೀನಿ!"

ಮೋಟಾರು ಹೊಗೆಯೆಬ್ಬಿಸಿ ಹೊರಟಿತು. ಹಿಂದಿನ ಸೀಟಿನಿಂದ ಹಲಗೆಗಳ ಬಾಗಿದ ತುದಿಗಳು ಇಣುಕುತ್ತಿದ್ದವು. ಸಾಬರು ಬೀದಿಯ ತಿರುವಿನವರೆಗೂ ನೋಡಿದರು. ಆಮೇಲೆ ಶಕೀಲನನ್ನು ಕರೆದು, ಒಣಗಲು ಹಾಕಿದ್ದ ಮರವನ್ನೆಲ್ಲ ಜಾನ್ ಪಾಷಾನಿಗೆ ಮಾರಿ ಎರಡು ಹಡಗಿನ ಟಿಕೆಟ್ಟಿಗೆ ಏರ್ಪಾಟು ಮಾಡುವಂತೆ ಹೇಳಿದರು.

ಹಾರ ಕಳಚಿ ಒಳಗೆ ಬಂದಾಗ ಖತೀಜಾಬಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. ಸಾಬರು ಮಾಫಿ ಕೇಳಬೇಕಾಗಿದ್ದವರಲ್ಲಿ ಇನ್ನು ಉಳಿದವಳು ಅವಳೊಬ್ಬಳೇ.

"ಖತೀಜಾ, ಇಷ್ಟು ವರ್ಷದಲ್ಲಿ ನಾನು ತಿಳಿದೋ ತಿಳಿಯದೇನೋ..."

"ತಿಳಿಯದೆ ಮಾಡಿದ್ದೆಲ್ಲಾ ಮಾಫ್. ತಿಳಿದು ಮಾಡಿದ್ದು ಹೇಳಿ."

ಸಾಬರು ಹೇಳಿದರು. ಬೆಂಕಿ ಬೆಟ್ಟ, ಹಿಮ, ಹೋಟೆಲು, ಗಡ್ಡದ ನಿಜವಾದ ಕಾರಣ, ಯಾವುದನ್ನೂ ಬಿಡಲಿಲ್ಲ. ಆಕಾಶ ಕಳಚಿ ಬೀಳಲೆಂದು ಕಣ್ಣು ಮುಚ್ಚಿ ಕಾದರು. ಖತೀಜಾಬಿ ಬಟ್ಟೆ ಮಡಚುವುದನ್ನು ನಿಲ್ಲಿಸಲೇ ಇಲ್ಲ.

"ಆಯ್ತು, ಮಾಫ್. ಈಗ ನಾನೂ ಹೊರಟವಳಲ್ವಾ? ನನ್ನನ್ನೂ ಮಾಫ್ ಮಾಡ್ಬೇಕು ನೀವು."

"ನಿಂದೇನು ತಪ್ಪೇ?"

"ಮೊದ್ಲು ಮಾಫ್ ಅನ್ನಿ. ಬಾಯಿ ತುಂಬಾ."

"ಮಾಫ್! ಮಾಫ್! ಸಾಕಾ?"

"ದೊರೆ ಮನೆ ಅಡುಗೆಯೋನು ನಮ್ಮ ಪಿರಿಯಾಪಟ್ಟಣದ ಚಿಕ್ಕಪ್ಪನ ಅಳಿಯ. ನೀವು ಬೆಟ್ಟಕ್ಕೆ ಒಪ್ಪಿದ್ದು ಮಾರನೇ ದಿನವೇ ನನಗೆ ಗೊತ್ತಾಯ್ತು. ನೀವು ಪೆಟ್ಟಿಗೆ ತಂದ ದಿನವೇ ಬುರ್ಖಾ ಹಾಕ್ಕೊಂಡು ಮನೆ ಮನೆಗೂ ಹೋಗಿ, ನಮ್ಮವರು ಹಜ್‌ಗೆ ಹೊರಟಿದಾರೆ ಅಂತ ಹೇಳಿ ಬಂದವಳು ನಾನೇ."

ಸಾಬರು ಗಡ್ಡ ಹಿಡಿದುಕೊಂಡು ಹೆಂಡತಿಯನ್ನು ದುರುಗುಟ್ಟಿ ನೋಡಿದರು.

"ಸಿಟ್ಟು ಮಾಡ್ಕೊಳ್ಳೋ ಹಾಗಿಲ್ಲ ಕಣ್ರೀ, ಆಗ್ಲೇ ಮಾಫ್ ಅಂದಿದೀರಿ," ಎಂದಳು ಖತೀಜಾಬಿ. "ಬನ್ನಿ, ಈ ಪೆಟ್ಟಿಗೆ ಮೇಲೆ ಸ್ವಲ್ಪ ಭಾರ ಬಿಟ್ಟು ಕೂತ್ಕೊಳ್ಳಿ, ನಾನು ಬೀಗ ಹಾಕ್ತೀನಿ."